ಮನಸಿನ ಡಾಕ್ಟರ ಮುಂದೆ ಬಾಯಿ ಕಟ್ಟಿ ಕೂತರೆ ಗುಣ ಆಗೋದು ಹ್ಯಾಂಗ?

ಮಂಗಳವಾರ ಬಂತೆಂದರೆ ಹಿಟ್ನಾಳ ಕ್ರಾಸಿನಲ್ಲಿ ಹುಲಿಗಿಗೆ ಹೋಗುವ ಮಂದಿಯ ಗದ್ದಲ. ಕಾಯಿ, ಕರ್ಪೂರ, ಉಡಿ ತುಂಬುವ ಸಾಮಾನು ಕಟ್ಟಿಕೊಂಡು ಹುಲಿಗೆಮ್ಮನ ಗುಡಿಗೆ ಹೊರಟವರಲ್ಲಿ ಹರಕೆ ತೀರಿಸುವವರು ಕೆಲವರಾದರೆ, ಯಾರಿಗೂ ಹೇಳಲಾಗದ ಮನೆಯ ಸಂಕಟವನ್ನು ಅಮ್ಮನ ಮುಂದೆ ಹೇಳಿಕೊಳ್ಳಲು ಹೊರಟವರು ಹಲವರು. ಅದೇ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋರೋಗ ತಜ್ಞರು ಬಂದು ಕೂರಲಿ ಎಂದು ರಾಜ್ಯ ಸರಕಾರ 2014ರಲ್ಲಿ 'ಮನೋಚೈತನ್ಯ' ಎಂಬ ಕಾರ್ಯಕ್ರಮ ಶುರು ಮಾಡಿತು. ದೇವಿಯ ವಾರವೂ ಅದೇ, ಡಾಕ್ಟರ ವಾರವೂ ಅದೇ! ಗುಡಿಯ ದಾರಿ ಎಲ್ಲರಿಗೂ ಗೊತ್ತು. ಆಸ್ಪತ್ರೆಯ ಆ ಕೋಣೆಯ ದಾರಿ ಹಿಡಿದವರೂ ಬಹಳ ಮಂದಿ ಒಂದೇ ಸಲ ಹೋಗಿ ತಿರುಗಿ ಬಂದುಬಿಡುತ್ತಾರೆ. ಕೊರಗು ಇರುವುದು ಇಲ್ಲೇ.

ಕಾರಣ ಕೇಳಿದರೆ ಎಲ್ಲ ಊರಲ್ಲೂ ಒಂದೇ ಉತ್ತರ. "ಗುಳಿಗಿ ಇಲ್ಲ, ಇಂಜೆಕ್ಷನ್ ಇಲ್ಲ, ಬರೇ ಮಾತಾಡ್ಸಿ ಕಳಿಸಿದ್ರು. ಮಾತಾಡಾಕ ಅಲ್ಲಿ ತನಕ ಹೋಗಬೇಕಾ, ನಮ್ಮ ಕಟ್ಟಿ ಮ್ಯಾಲ ಆಡಿದ್ರ ಆಗಂಗಿಲ್ಲೇನು?" ಒಂದು ದಿನದ ಕೂಲಿ ಕಳೆದುಕೊಂಡು, ಬಸ್ಸಿಗೆ ಕಾದು ಹೋದವರ ಈ ಸಿಟ್ಟು ಸಹಜವೇ. ಆದರೆ ಆ ಮಾತೇ ಅಲ್ಲಿನ ಮದ್ದು ಎಂಬುದನ್ನು ಅವರಿಗೆ ತಿಳಿಸಿ ಹೇಳಿದವರು ಯಾರು?

ಹೊಳಿ ದಾಟದ ಬಳ್ಳಾರಿ ಮಾದರಿ

ಇಲ್ಲೊಂದು ಹಳೆಯ ಸಂಗತಿ ನೆನೆಯಬೇಕು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಪೂರ್ತಿ ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. 1985ರಿಂದ ಐದು ವರ್ಷ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೂ ಆರೋಗ್ಯ ಸಹಾಯಕರಿಗೂ ಮನೋರೋಗ ಗುರುತಿಸುವುದನ್ನು ಕಲಿಸಲಾಯಿತು. ನಾಲ್ಕಾರು ಅಗತ್ಯ ಔಷಧ ಒದಗಿಸಿ, ರೋಗಿ ತಿರುಗಿ ಬರುತ್ತಾನೋ ಇಲ್ಲವೋ ಎಂಬುದರ ಲೆಕ್ಕ ಇಡಲಾಯಿತು. ದೊಡ್ಡ ಆಸ್ಪತ್ರೆಗೆ ಓಡದೆ ಊರ ಹತ್ತಿರವೇ ಮನಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿದ್ದು ಈ 'ಬಳ್ಳಾರಿ ಮಾದರಿ'. 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಇದನ್ನೇ ನೋಡಿ.

ಆಗ ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ತುಂಗಭದ್ರೆಯ ಈಚೆ ದಡದ ಹಿಟ್ನಾಳ ರಾಯಚೂರು ಜಿಲ್ಲೆಯಲ್ಲಿತ್ತು. ಹೊಳಿ ಆಚೆಗೆ ಬಂದ ಭಾಗ್ಯ ಈಚೆಗೆ ಬರಲು ವರ್ಷಗಳೇ ಹಿಡಿದವು. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು, 2015ರಲ್ಲಿ ಕೊಪ್ಪಳಕ್ಕೆ ಸರಕಾರಿ ಮೆಡಿಕಲ್ ಕಾಲೇಜು ಬಂತು, ಈಗ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಅಂದರೆ ಸೌಲಭ್ಯ ಬಾಗಿಲ ತನಕ ಬಂದು ನಿಂತಿದೆ. ಒಳಗೆ ಕರೆದುಕೊಳ್ಳುವ ಜಾಣತನ ಮಂದಿಗೆ ಬೇಕು.

ದೇಶದ 12 ರಾಜ್ಯಗಳಲ್ಲಿ 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ಸಮೀಕ್ಷೆ ಹೇಳಿದ್ದೇನು? ವಯಸ್ಕರಲ್ಲಿ ನೂರಕ್ಕೆ ಹತ್ತು ಮಂದಿಗೂ ಹೆಚ್ಚು ಜನರಿಗೆ ಒಂದಿಲ್ಲೊಂದು ಮನಸಿನ ತೊಂದರೆ. ಕಾಯಿಲೆಗೆ ತಕ್ಕಂತೆ ಅವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಇಲ್ಲ! ಇನ್ನು ಚಿಕಿತ್ಸೆಗೆ ಹೋದ ಬೆರಳೆಣಿಕೆಯ ಮಂದಿಯೂ ಅರ್ಧಕ್ಕೇ ಬಿಟ್ಟು ಬಂದರೆ ಉಳಿಯುವುದೇನು?

ಒಂದೇ ಭೇಟಿಗೆ ವಾಸಿ?

ಮೊದಲ ಭೇಟಿಯಲ್ಲಿ ಗುಣ ಕಾಣುವುದು ಅಪರೂಪ. ಹೊಲ ನೋಡದೆ, ಹೋದ ವರ್ಷ ಏನು ಬೆಳೆದಿದ್ದಿರಿ ಎಂದು ಕೇಳದೆ ಬೀಜ ಹೇಳುವ ಒಕ್ಕಲಿಗ ಉಂಟೇ? ಆಪ್ತ ಸಮಾಲೋಚಕರು ಮೊದಲ ಒಂದೆರಡು ಸಲ ಕೇಳುವುದೇ ಹೆಚ್ಚು. ಕಾಯಿಲೆ ಯಾವಾಗಿಂದ, ಏನಾದಾಗ ಜಾಸ್ತಿ, ಮನೆಯಲ್ಲಿ ಯಾರಿದ್ದಾರೆ, ನಿದ್ದೆ ಎಷ್ಟು, ಕುಡಿತ ಎಷ್ಟು ಎಂಬ ಪ್ರಶ್ನೆಗಳು. ಇದನ್ನು ವ್ಯರ್ಥ ಮಾತೆಂದು ತಿಳಿಯಬಾರದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಈ ಭಾಗದ ರೈತರ ನಿದ್ದೆಯೂ ಅದರ ಜೊತೆ ಕೊಚ್ಚಿ ಹೋಗಿತ್ತು. ಆಗ ಎಂಜಿನಿಯರುಗಳು ಒಂದೇ ಏಟಿಗೆ ಹೊಸ ಗೇಟು ಕೂರಿಸಿದರೇ? ಇಲ್ಲ. ಸ್ಟಾಪ್‌ಲಾಗನ್ನು ತುಂಡು ತುಂಡಾಗಿ ಇಳಿಸಿ ಹರಿಯುವ ನೀರನ್ನು ನಿಲ್ಲಿಸಿದರು. ಮನಸಿನ ಚಿಕಿತ್ಸೆಯೂ ಹಾಗೇ. ಒಂದೊಂದು ಭೇಟಿ ಒಂದೊಂದು ತುಂಡು. ಮೊದಲ ತುಂಡು ಇಳಿಸಿ "ನೀರು ನಿಲ್ಲವಲ್ದು" ಅಂತ ಎದ್ದು ಬಂದರೆ ತಪ್ಪು ಯಾರದು?

ಆದ್ದರಿಂದ ಮೊದಲ ದಿನವೇ ಕೇಳಬೇಕು: "ಎಷ್ಟು ಸಲ ಬರಬೇಕಾದೀತು ಡಾಕ್ಟರೇ? ಯಾವ ವಾರ ಬರಲಿ? ಗುಣ ಆಗ್ತಾ ಐತಿ ಅಂತ ಗೊತ್ತಾಗೋದು ಹ್ಯಾಂಗ?" ಹೀಗೆ ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ. ಕೇಳುವುದು ರೋಗಿಯ ಹಕ್ಕು.

ಕಾಲು ಗಂಟೆ ಮೊದಲು ಯೋಚಿಸಿ

ನಮ್ಮ ಕಡೆಯ ಮಂದಿ ಡಾಕ್ಟರ ಮುಂದೆ ಕೂತೊಡನೆ ಹೇಳುವುದು ಮೈಯ ಬ್ಯಾನಿಯನ್ನೇ. "ತಲಿ ಭಾರ, ಎದಿ ಡವಡವ ಹೊಡ್ಕೊಂತೈತಿ, ನಿದ್ದಿ ಬರವಲ್ದು." ಇದನ್ನು ಹೇಳಲೇಬೇಕು, ಯಾಕೆಂದರೆ ಮನಸಿನ ನೋವು ಮೈಯಲ್ಲಿ ಕಾಣಿಸಿಕೊಳ್ಳುವುದು ಸುಳ್ಳಲ್ಲ. ಅದರ ಜೊತೆಗೆ ಆ ಬ್ಯಾನಿಯ ಹಿಂದಿರುವ ಸಂಗತಿಯನ್ನೂ ಹೇಳಬೇಕು. ಸಾಲ ಮಾಡಿ ನಾಟಿ ಮಾಡಿದ ಭತ್ತ ಕೈ ಕೊಟ್ಟದ್ದು, ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಹೋದದ್ದು, ಹೆತ್ತ ಕೂಸು ಉಳಿಯದೇ ಹೋದದ್ದು, ಗಂಡನ ಕೈಯೇಟು. ಇವನ್ನು ಬಚ್ಚಿಟ್ಟು ಬರೀ ತಲೆನೋವು ಹೇಳಿದರೆ ತಲೆನೋವಿನ ಗುಳಿಗೆಯೇ ಸಿಕ್ಕೀತು. ಕೂಸು ಅಳದೆ ತಾಯಿಗೂ ಹಸಿವು ತಿಳಿಯದು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಕೋಣೆಯೊಳಗೆ ಹೋದಾಗ ಹೇಳಬೇಕಾದ್ದೆಲ್ಲ ಮರೆತು ಹೋಗುತ್ತದೆ. ಅದಕ್ಕೆ ಒಂದು ಚೀಟಿ ಒಳ್ಳೆಯ ಉಪಾಯ. ಹಿಂದಿನ ಭೇಟಿಯಿಂದ ಈಚೆಗೆ ಏನೇನಾಯಿತು, ಯಾವ ದಿನ ಬಹಳ ತ್ರಾಸಾಯಿತು, ಇವತ್ತು ತಪ್ಪದೆ ಹೇಳಬೇಕಾದ ಒಂದು ಮಾತು ಯಾವುದು — ಇಷ್ಟು ಬರೆದಿಟ್ಟುಕೊಂಡರೆ ಸಾಕು. ಬರೆಯಲು ಬಾರದವರು ನಿದ್ದೆಗೆಟ್ಟ ರಾತ್ರಿಯ ತಾರೀಖಿಗೆ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಲಿ. ಆ ಗೆರೆಗಳು ಕಡಿಮೆಯಾಗುತ್ತಾ ಬಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ.

ಬಹಳ ಮಂದಿ ಎದ್ದು ಹೊರಡುವಾಗ, ಬಾಗಿಲ ಹತ್ತಿರ, "ಇನ್ನೊಂದ್ ಮಾತು ಸಾಹೇಬ್ರ..." ಅಂತ ಮುಖ್ಯ ವಿಷಯ ತೆಗೆಯುತ್ತಾರೆ. ಅಷ್ಟರಲ್ಲಿ ಮುಂದಿನವರ ಪಾಳಿ ಬಂದಿರುತ್ತದೆ! ಕಷ್ಟದ ಮಾತನ್ನು ಮೊದಲೇ ಆಡಬೇಕು. ಕುಡಿದು ಹೋಗಬಾರದು. ಕುಡಿಯುವ ಅಭ್ಯಾಸವಿದ್ದರೆ ಎಷ್ಟೆಂದು ನಿಜವನ್ನೇ ಹೇಳಬೇಕು.

ಗುಟ್ಟು ಹೊರಗೆ ಬಿದ್ದೀತೆಂಬ ಅಂಜಿಕೆ

"ಹೇಳಿದ್ರ ಊರ ತುಂಬಾ ಆಗ್ತೈತಿ" ಎಂಬ ಅಂಜಿಕೆ ಬಾಯಿ ಕಟ್ಟುವ ಎರಡನೇ ಹಗ್ಗ. ಹಿಟ್ನಾಳದಂಥ ಊರಲ್ಲಿ, ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮನೆಗೆ ಗೊತ್ತಾಗುವ ಕಡೆ, ಈ ಅಂಜಿಕೆಗೆ ಅರ್ಥ ಇದೆ. ಆದರೆ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ ರೋಗಿಯ ಸಂಗತಿಯನ್ನು ಗುಟ್ಟಾಗಿಡಬೇಕೆಂದು ಕಟ್ಟುನಿಟ್ಟಾಗಿ ಹೇಳುತ್ತದೆ. ಯಾರದಾದರೂ ಜೀವಕ್ಕೆ ಅಪಾಯ ಇರುವಂಥ ಕೆಲವೇ ಸಂದರ್ಭಗಳಲ್ಲಿ ಮಾತ್ರ ಇದಕ್ಕೆ ರಿಯಾಯಿತಿ. "ನಾ ಹೇಳಿದ್ದು ಯಾರಿಗೆ ಗೊತ್ತಾಗ್ತೈತಿ?" ಎಂದು ನೇರವಾಗಿ ಕೇಳಿ, ಖಾತ್ರಿ ಮಾಡಿಕೊಂಡೇ ಮಾತು ಶುರು ಮಾಡಬಹುದು.

ಹೇಳಿಕೊಂಡ ದಿನ, ಮರುದಿನ, ಮನಸ್ಸು ಇನ್ನಷ್ಟು ಕಲಕಿದಂತಾಗುವುದುಂಟು. ಕೆರೆಯ ಹೂಳು ಎತ್ತುವಾಗ ನೀರು ರಾಡಿಯಾಗುತ್ತದಲ್ಲ, ಹಾಗೆ. ಅದಕ್ಕೆ ಹೆದರಿ ಬಿಡುವ ಬದಲು ಮುಂದಿನ ಭೇಟಿಯಲ್ಲಿ ಅದನ್ನೂ ಹೇಳಬೇಕು. ಡಾಕ್ಟರ ಮಾತು ಮನಸ್ಸಿಗೆ ಹಿಡಿಸದಿದ್ದರೆ, ಅವಸರ ಮಾಡಿದರೆನಿಸಿದರೆ, ಅದನ್ನೂ ಹೇಳಬಹುದು. ಮೂರ್ನಾಲ್ಕು ಸಲ ಹೋದ ಮೇಲೂ ಹೊಂದಿಕೆ ಆಗದಿದ್ದರೆ ಬೇರೆಯವರನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಚಿಕಿತ್ಸೆಯನ್ನೇ ಬಿಡುವುದು ತಪ್ಪು.

ಮನಿಗೆಲಸ ಮಾಡದವನಿಗೆ ಪಾಠ ಹತ್ತೀತೇ?

ಮುಕ್ಕಾಲು ಗಂಟೆಯ ಮಾತಿನಿಂದಲೇ ವಾರ ಪೂರ್ತಿ ಸರಿಹೋಗದು. ಉಳಿದ ಆರು ದಿನ ಮನೆಯಲ್ಲಿ ಮಾಡುವುದೇ ಮುಖ್ಯ. ಹಾಸಿಗೆ ಬಿಟ್ಟೇಳದ ಯುವಕನಿಗೆ "ದಿನಾ ಬೆಳಿಗ್ಗೆ ಕಾಲುವೆ ತನಕ ನಡೆದು ಬಾ" ಎಂದಿರುತ್ತಾರೆ. ಬಸ್ಸು ಹತ್ತಿದರೆ ಜೀವ ಹೋಗುತ್ತದೆಂದು ಹೆದರುವ ಹೆಣ್ಣುಮಗಳಿಗೆ "ಮೊದಲು ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತು ಬಾ, ಮುಂದಿನ ವಾರ ಒಂದು ಸ್ಟೇಜು ಹೋಗಿ ಇಳಿ" ಎಂದಿರುತ್ತಾರೆ. "ಸಾಲ ತೀರಿಸದವ ಬದುಕಿದ್ದೂ ದಂಡ" ಎಂದು ಕೊರಗುವವನಿಗೆ "ಈ ಮಾತು ನಿನ್ನ ಅಣ್ಣನೇ ಆಡಿದ್ದರೆ ನೀನೇನು ಹೇಳುತ್ತಿದ್ದೆ, ಬರೆದು ತಾ" ಎಂದಿರುತ್ತಾರೆ. ನೋಡಲಿಕ್ಕೆ ಹುಡುಗಾಟ, ಮಾಡಿದವರಿಗೇ ಗೊತ್ತು ಅದರ ಬಲ. ಮಾಡಲಾಗಲಿಲ್ಲವೆಂದರೆ ನಾಚಿ ಭೇಟಿ ತಪ್ಪಿಸಬಾರದು. ಯಾಕೆ ಆಗಲಿಲ್ಲ ಎಂಬುದೇ ಮುಂದಿನ ಮಾತಿಗೆ ದಾರಿ.

ಗುಳಿಗೆ ಕೊಟ್ಟಿದ್ದರೆ ಅದೂ ತಪ್ಪಬಾರದು. ಖಿನ್ನತೆಯ ಗುಳಿಗೆ ಗುಣ ತೋರಿಸಲು ಎರಡು ಮೂರು ವಾರ, ಕೆಲವರಿಗೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ನಾಲ್ಕು ದಿನ ನುಂಗಿ ಎಸೆಯುವುದೂ ತಪ್ಪು, ಸ್ವಲ್ಪ ಹುಷಾರಾದೊಡನೆ ತಾವೇ ನಿಲ್ಲಿಸುವುದೂ ತಪ್ಪು. ಹುಲಿಗಿಗೆ ಹೋಗಬೇಡಿ ಎಂದು ಯಾರೂ ಹೇಳುತ್ತಿಲ್ಲ. ಅಮ್ಮನಿಗೆ ಕಾಯಿ ಒಡೆಸಿ, ಗುಳಿಗೆಯನ್ನೂ ನುಂಗಿರಿ. ಅಮ್ಮ ಮುನಿಸಿಕೊಳ್ಳಲಾರಳು.

ಮನೆಯವರ ಪಾಲೆಷ್ಟು?

"ಧಾರವಾಡಕ್ಕ ಕಳಿಸಬೇಕು ನಿನ್ನ" ಎಂಬುದು ಈ ಸೀಮೆಯ ಹಳೇ ಬೈಗುಳ. ಆ ಒಂದು ಮಾತು ಎಷ್ಟು ಮಂದಿಯನ್ನು ಆಸ್ಪತ್ರೆಯ ಮೆಟ್ಟಿಲು ಹತ್ತದಂತೆ ಮಾಡಿದೆಯೋ! ಮನೆಯವರು ಮೊದಲು ಅದನ್ನು ಬಿಡಬೇಕು. ಜೊತೆಗೆ ಹೋಗಲಿ, ಆದರೆ ಕೋಣೆಯೊಳಗೆ ಕೂತು "ಇಕಿಗೇನೂ ಆಗಿಲ್ರೀ, ಬರೇ ನಾಟಕ" ಎಂದು ರೋಗಿಯ ಬಾಯಿ ಮುಚ್ಚಿಸುವುದು ಬೇಡ. ಬಂದ ಮೇಲೆ "ಏನ್ ಹೇಳ್ದಿ, ನಮ್ಮ ಬಗ್ಗೆ ಏನ್ ಹೇಳ್ದಿ" ಎಂದು ವಿಚಾರಣೆ ನಡೆಸುವುದೂ ಬೇಡ. ಮುಂದಿನ ತಾರೀಖು ನೆನಪಿಸಿ, ಬಸ್ ಚಾರ್ಜು ಕೈಗಿಟ್ಟು, ಆ ದಿನದ ಮನೆಗೆಲಸ ಹಂಚಿಕೊಂಡರೆ ಅದೇ ದೊಡ್ಡ ಉಪಕಾರ.

ಸಾಯುವ ಮಾತು ಬಾಯಿಗೆ ಬಂದರೆ ಅದನ್ನು ತಮಾಷೆ ಎಂದು ತಳ್ಳಬಾರದು. ಹೊಲಕ್ಕೆ ಹೊಡೆಯುವ ಕ್ರಿಮಿನಾಶಕವನ್ನು ಮನೆಯಲ್ಲಿಡದೆ ಬೀಗದ ಕಡೆ ಇಡಬೇಕು, ಅಂಥವರನ್ನು ಒಂಟಿಯಾಗಿ ಬಿಡಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಕ್ಷಣಕ್ಕೆ ಯಾರೂ ಸಿಗದಿದ್ದರೆ 14416ಕ್ಕೆ ಫೋನು ಮಾಡಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಟೆಲಿಮಾನಸ್ ಸೇವೆಗೆ ದುಡ್ಡಿಲ್ಲ, ಹಗಲು ರಾತ್ರಿ ಎಂಬುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಕೇಸಾದೀತೆಂಬ ಹೆದರಿಕೆಯಿಂದ ಮುಚ್ಚಿಡುವವರಿಗೆ ಒಂದು ಮಾತು: ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ಕೊಡಬೇಕೆಂದು 2017ರ ಕಾಯಿದೆಯೇ ಹೇಳುತ್ತದೆ.

ಸರಕಾರ ಮಾಡಬೇಕಾದ್ದು

ಎಲ್ಲ ಹೊರೆಯನ್ನೂ ರೋಗಿಯ ತಲೆಗೆ ಹೊರಿಸುವುದು ನ್ಯಾಯವಲ್ಲ. ಬಾಯಿ ಬಿಚ್ಚಿ ಮಾತಾಡಿರೆಂದು ಹೇಳಿದ ಮೇಲೆ, ಬಾಗಿಲು ಹಾಕಿಕೊಳ್ಳುವ ಒಂದು ಕೋಣೆಯಾದರೂ ಇರಬೇಕಲ್ಲ? ಹಿಂದೆ ಹತ್ತು ಮಂದಿ ಸಾಲಿನಲ್ಲಿ ನಿಂತು ಕಿವಿಗೊಟ್ಟಿರುವಾಗ ಹೆಣ್ಣುಮಕ್ಕಳು ಏನು ಹೇಳಿಯಾರು? ಹೋದ ಸಲ ಕೇಳಿಸಿಕೊಂಡವರೇ ಈ ಸಲವೂ ಕೂತಿರಬೇಕು. ಪ್ರತಿ ಸಲ ಹೊಸಬರ ಮುಂದೆ ಹಳೇ ಕಥೆ ಮೊದಲಿಂದ ಹೇಳಿಸುವುದು ಗಾಯ ಕೆರೆದಂತೆ. ತಜ್ಞರು ಬರುವ ದಿನ, ವೇಳೆ ಇವನ್ನು ಹೋಬಳಿಯ ಆರೋಗ್ಯ ಕೇಂದ್ರಗಳಲ್ಲೂ ಗ್ರಾಮ ಪಂಚಾಯ್ತಿಯ ಗೋಡೆಯ ಮೇಲೂ ಕನ್ನಡದಲ್ಲಿ ಬರೆಸಬೇಕು. ಬಾರದ ದಿನ ಮುಂಚೆಯೇ ತಿಳಿಸಬೇಕು. ಭೇಟಿ ತಪ್ಪಿಸಿದವರ ಮನೆಗೆ ಆಶಾ ಕಾರ್ಯಕರ್ತೆಯರು ಹೋಗಿ "ಯಾಕ ಬರಲಿಲ್ಲ ಯಕ್ಕಾ?" ಎಂದು ಕೇಳುವ ಏರ್ಪಾಡಾಗಬೇಕು. ಬಳ್ಳಾರಿಯಲ್ಲಿ 1985ರಲ್ಲೇ ಬಿಟ್ಟುಹೋದವರ ಲೆಕ್ಕ ಇಟ್ಟರಲ್ಲ, ಈಗ ಇಡಲು ಏನು ಅಡ್ಡಿ?

ಕನ್ನಡಿಗರಿಗೆ ಮನಸ್ಸಿನ ಮಾತು ಹೊಸದೇನಲ್ಲ. 'ಕೊರವಂಜಿ'ಯಲ್ಲಿ ನಾಡನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ ಅವರೇ 'ಮನಮಂಥನ' ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮನಸ್ಸಿನ ಕಾಯಿಲೆ ಕುರಿತು ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದ ನಿಮ್ಹಾನ್ಸಿನ ಡಾಕ್ಟರ್ ಸಿ.ಆರ್. ಚಂದ್ರಶೇಖರ್ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಪುಸ್ತಕದಲ್ಲಿ ಓದಿ ಮೆಚ್ಚಿದ್ದನ್ನು ಮನೆಯಲ್ಲಿ ಒಪ್ಪಲು ಮಾತ್ರ ಯಾಕೆ ಹಿಂಜರಿಕೆ?

ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದ್ದವರನ್ನು ಸುಡುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಬಸ್ ಚಾರ್ಜು ಕೊಟ್ಟು, ಕೂಲಿ ಬಿಟ್ಟು ಆ ಕೋಣೆಯ ತನಕ ಹೋದ ಮೇಲೆ ಬಾಯಿ ಕಟ್ಟಿಕೊಂಡು ಕೂರುವುದು ಯಾವ ಲೆಕ್ಕ? ಮಾತಾಡಲಿ. ಮತ್ತೆ ಹೋಗಲಿ. ಸರಕಾರ ಆ ಕೋಣೆಯ ಬಾಗಿಲನ್ನು ಹೇಳಿದ ದಿನ, ಹೇಳಿದ ವೇಳೆಗೆ ತೆರೆದಿಡಲಿ.