ಪರದೆಗಳು ಹಲವಾದಾಗ

ಜಾಹೀರಾತೆಂಬುದು ಹೊಸದಾಗಿ ಹುಟ್ಟಿದ ವಸ್ತುವಲ್ಲ. ಸಂತೆಯಲ್ಲಿ ಕೂಗಿ ಮಾರುವವನೂ, ಓಣಿಯಲ್ಲಿ ಡಂಗುರ ಸಾರುವವನೂ, ಅಂಗಡಿಯ ಮುಂದೆ ಫಲಕ ತೂಗುಹಾಕಿದವನೂ ಜಾಹೀರಾತನ್ನೇ ಮಾಡುತ್ತಿದ್ದರು. ಮಾರುವವನಿಗೆ ತನ್ನ ಸರಕಿನ ಗುಣವನ್ನು ಹೇಳಿಕೊಳ್ಳುವ ಹಕ್ಕಿದೆ. ಕೊಳ್ಳುವವನಿಗೆ ಅದನ್ನು ಪರೀಕ್ಷಿಸುವ ಹೊಣೆಯಿದೆ. ಇವೆರಡರ ನಡುವೆ ಸಮತೋಲವಿರುವಷ್ಟು ಕಾಲ ವ್ಯಾಪಾರವು ಸಮಾಜಕ್ಕೆ ಹಿತಕರವಾಗಿಯೇ ಇರುತ್ತದೆ. ಈಗ ಅಂತರ್ಜಾಲದ ಮೂಲಕ ಮನೆಯ ಟಿ.ವಿ., ಮೊಬೈಲು, ಟ್ಯಾಬ್ಲೆಟ್ಟು, ಗಣಕಯಂತ್ರ ಎಂಬ ಎಲ್ಲ ಪರದೆಗಳ ಮೇಲೂ ನಮ್ಮ ಬೆನ್ನುಹತ್ತಿ ಬರುತ್ತಿರುವ ವಿಡಿಯೊ ಜಾಹೀರಾತುಗಳು ಈ ಸಮತೋಲವನ್ನು ಹೇಗೆ ಬದಲಿಸಿವೆ ಎಂಬುದನ್ನು ಗೃಹಸ್ಥರು ಅರಿತುಕೊಳ್ಳುವುದು ಅವಶ್ಯವಾಗಿದೆ. ಆ ವಿಷಯವನ್ನೇ ಈ ತಿಂಗಳು ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಮೊದಲು ಸ್ವಲ್ಪ ಹಿನ್ನೋಟ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ೧೯೪೧ರ ಜುಲೈ ೧ರಂದು ಬೇಸ್‌ಬಾಲ್ ಪಂದ್ಯವೊಂದರ ಪ್ರಸಾರದ ಸಂದರ್ಭದಲ್ಲಿ ಬುಲೋವಾ ಗಡಿಯಾರದ ಜಾಹೀರಾತು ಕೆಲವೇ ಸೆಕೆಂಡುಗಳ ಕಾಲ ತೋರಿತು. ಟೆಲಿವಿಷನ್ನಿನಲ್ಲಿ ಅಧಿಕೃತವಾಗಿ ಮೂಡಿದ ಮೊದಲ ಜಾಹೀರಾತು ಅದೆಂದು ಗಣಿಸಲ್ಪಟ್ಟಿದೆ. ನಮ್ಮ ದೇಶದಲ್ಲಿ ದೂರದರ್ಶನವು ೧೯೫೯ರಲ್ಲಿಯೇ ದೆಹಲಿಯಲ್ಲಿ ಆರಂಭವಾದರೂ ಜಾಹೀರಾತುಗಳಿಗೆ ಅದರಲ್ಲಿ ಸ್ಥಾನ ದೊರೆತದ್ದು ೧೯೭೬ರಲ್ಲಿ. ಅಂದಿನ ವ್ಯವಸ್ಥೆಯಲ್ಲಿ ಒಂದು ಅಂಶ ಗಮನಾರ್ಹವಾದುದು. ಪಡಸಾಲೆಯಲ್ಲಿ ಒಂದೇ ಟಿ.ವಿ. ಇರುತ್ತಿತ್ತು. ಅದರಲ್ಲಿ ಬಂದ ಸಾಬೂನಿನ ಜಾಹೀರಾತನ್ನು ಅಜ್ಜಿ ಕಾಣುತ್ತಿದ್ದಳು, ಸೊಸೆ ಕಾಣುತ್ತಿದ್ದಳು, ಮೊಮ್ಮಗನೂ ಕಾಣುತ್ತಿದ್ದನು. ಅದೇ ಹೊತ್ತಿಗೆ ನೆರೆಮನೆಯವರಿಗೂ ಅದೇ ಜಾಹೀರಾತು ಕಾಣುತ್ತಿತ್ತು. ಅತಿಶಯೋಕ್ತಿ ಇದ್ದರೆ ಮನೆಯ ಹಿರಿಯರಲ್ಲೊಬ್ಬರು ‘ಇದೆಲ್ಲ ಬಣ್ಣದ ಮಾತು’ ಎಂದು ನಕ್ಕುಬಿಡುತ್ತಿದ್ದರು. ಆ ಒಂದು ನಗೆಯೇ ಮನೆಯವರೆಲ್ಲರಿಗೂ ಎಚ್ಚರಿಕೆಯಾಗುತ್ತಿತ್ತು. ಎಂದರೆ ಜಾಹೀರಾತಿಗೆ ಸಾಕ್ಷಿಗಳಿದ್ದರು.

ಅಂತರ್ಜಾಲವು ಈ ಕ್ರಮವನ್ನು ಬದಲಿಸಿತು. ೨೦೦೫ರಲ್ಲಿ ಯೂಟ್ಯೂಬ್ ಆರಂಭವಾಯಿತು. ಮರುವರ್ಷವೇ ಗೂಗಲ್ ಸಂಸ್ಥೆಯು ಅದನ್ನು ೧೬೫ ಕೋಟಿ ಡಾಲರುಗಳಿಗೆ ಕೊಂಡಿತು. ೨೦೦೭ರಲ್ಲಿ ವಿಡಿಯೊಗಳ ಮೇಲೆಯೇ ಜಾಹೀರಾತುಗಳನ್ನು ತೋರಿಸುವ ಪದ್ಧತಿ ಬಂದಿತು. ೨೦೧೦ರ ಕೊನೆಯಲ್ಲಿ, ಐದು ಸೆಕೆಂಡುಗಳಾದ ಮೇಲೆ ಜಾಹೀರಾತನ್ನು ದಾಟಿ ಮುಂದೆ ಹೋಗುವ ಅವಕಾಶವನ್ನು ವೀಕ್ಷಕನಿಗೆ ಕೊಡಲಾಯಿತು. ವೀಕ್ಷಕನು ಮೂವತ್ತು ಸೆಕೆಂಡು ನೋಡಿದರೆ, ಅಥವಾ ಅದಕ್ಕಿಂತ ಚಿಕ್ಕ ಜಾಹೀರಾತನ್ನು ಪೂರ್ತಿ ನೋಡಿದರೆ, ಇಲ್ಲವೇ ಅದನ್ನು ಒತ್ತಿದರೆ ಮಾತ್ರ ಜಾಹೀರಾತುದಾರನು ಹಣ ಕೊಡಬೇಕೆಂಬ ನಿಯಮವು ಆ ಪದ್ಧತಿಯದು. ಮೊದಲ ಐದು ಸೆಕೆಂಡುಗಳಲ್ಲಿಯೇ ಅಬ್ಬರವೂ, ಅಚ್ಚರಿಯೂ, ಅಳುವ ಮಗುವೂ ಏಕೆ ಕಾಣಿಸಿಕೊಳ್ಳುತ್ತವೆ ಎಂಬುದಕ್ಕೆ ಕಾರಣ ಇಲ್ಲಿದೆ: ನಮ್ಮ ಬೆರಳು ದಾಟಿಸುವ ಗುಂಡಿಯನ್ನು ಮುಟ್ಟುವುದರೊಳಗಾಗಿ ಮನಸ್ಸನ್ನು ಹಿಡಿಯಬೇಕು. ದಾಟಲಾಗದ ಆರು ಸೆಕೆಂಡಿನ ಕಿರು ಜಾಹೀರಾತುಗಳು ೨೦೧೬ರಲ್ಲಿ ಬಂದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ ಭಾರತದಲ್ಲಿ ಅಂತರ್ಜಾಲದ ದರ ಇಳಿಯಿತು. ಹಳ್ಳಿಯ ಕಟ್ಟೆಯ ಮೇಲೆ ಕುಳಿತವನ ಕೈಗೂ ಚಲಿಸುವ ಚಿತ್ರ ಬಂದಿತು.

ಪರದೆ ಬದಲಾದಂತೆ ಜಾಹೀರಾತಿನ ರೂಪವೂ ಬದಲಾಗುತ್ತದೆ. ಪಡಸಾಲೆಯ ಟಿ.ವಿ. ಅಡ್ಡವಾದುದು, ಅದನ್ನು ದೂರದಿಂದ, ಧ್ವನಿಸಹಿತವಾಗಿ, ಹಲವರು ಕೂಡಿ ನೋಡುತ್ತಾರೆ. ಅದನ್ನು ಬೆರಳಿನಿಂದ ಒತ್ತುವಂತಿಲ್ಲ. ಆದಕಾರಣ ಜಾಹೀರಾತಿನ ಮೂಲೆಯಲ್ಲಿ ಚೌಕಳಿಯ ಕ್ಯೂಆರ್ ಸಂಕೇತವನ್ನು ತೋರಿಸಿ, ‘ನಿಮ್ಮ ಮೊಬೈಲಿನಿಂದ ಇದನ್ನು ಸೆರೆಹಿಡಿಯಿರಿ’ ಎನ್ನುತ್ತಾರೆ. ಮೊಬೈಲಾದರೋ ನಿಡಿದಾದುದು, ಒಬ್ಬನ ಅಂಗೈಯಲ್ಲಿರುವುದು. ಬಸ್ಸಿನಲ್ಲಿ, ಕಚೇರಿಯಲ್ಲಿ ಅದನ್ನು ಧ್ವನಿಯಿಲ್ಲದೆ ನೋಡುವವರೇ ಬಹಳ. ಆದ್ದರಿಂದ ಅಲ್ಲಿನ ಜಾಹೀರಾತಿಗೆ ದೊಡ್ಡ ಅಕ್ಷರಗಳ ಅಡಿಬರಹ ಬೇಕಾಗುತ್ತದೆ. ಜಾಣ ಜಾಹೀರಾತುದಾರನು ಒಂದೇ ಕಥೆಯನ್ನು ಟಿ.ವಿ.ಗೆ ಒಂದು ಬಗೆಯಲ್ಲಿಯೂ ಮೊಬೈಲಿಗೆ ಇನ್ನೊಂದು ಬಗೆಯಲ್ಲಿಯೂ ಕತ್ತರಿಸಿ ಇಟ್ಟಿರುತ್ತಾನೆ. ಸಾಯಂಕಾಲ ಟಿ.ವಿ.ಯಲ್ಲಿ ಮೂವತ್ತು ಸೆಕೆಂಡು ಕಂಡ ಮಿಕ್ಸರ್ ಯಂತ್ರವು ರಾತ್ರಿ ಮೊಬೈಲಿನಲ್ಲಿ ಆರು ಸೆಕೆಂಡು ಬಂದು ‘ಇಂದೇ ಕೊಳ್ಳಿರಿ’ ಎನ್ನುತ್ತದೆ. ಇದು ಆಕಸ್ಮಿಕವಲ್ಲ, ಯೋಜಿತವಾದುದು.

ಆ ಎರಡು ಪರದೆಗಳ ಮುಂದೆ ಕುಳಿತವರು ಒಂದೇ ಮನೆಯವರೆಂದು ಯಂತ್ರಕ್ಕೆ ತಿಳಿಯುವ ಬಗೆ ಹೇಗೆ? ಅದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಎಲ್ಲ ಸಾಧನಗಳಲ್ಲಿಯೂ ನಾವು ಒಂದೇ ಹೆಸರಿನ ಖಾತೆಯಿಂದ ಪ್ರವೇಶಿಸುವುದು. ಇದು ಖಚಿತವಾದ ಗುರುತು. ಇನ್ನೊಂದು, ಮನೆಯ ವೈಫೈ ಸಂಪರ್ಕದ ವಿಳಾಸ, ಬಳಸುವ ಹೊತ್ತು, ಸ್ಥಳ ಮುಂತಾದವುಗಳಿಂದ ಊಹಿಸುವುದು. ನಾವು ವಿಡಿಯೊವೊಂದನ್ನು ಒತ್ತಿದ ಕ್ಷಣದಿಂದ ಅದು ಆರಂಭವಾಗುವುದರೊಳಗೆ, ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತಿನಲ್ಲಿ, ಈ ವೀಕ್ಷಕನಿಗೆ ಯಾರು ಜಾಹೀರಾತು ತೋರಿಸಬೇಕೆಂಬ ಹರಾಜು ನಡೆದು ಮುಗಿದಿರುತ್ತದೆ. ಹರಾಜಿನಲ್ಲಿ ಮಾರಾಟವಾಗುವುದು ಸಾಬೂನಲ್ಲ, ಮಿಕ್ಸರ್ ಅಲ್ಲ, ನಮ್ಮ ಗಮನ. ಒಂದೇ ಪಡಸಾಲೆಯಲ್ಲಿ ಕುಳಿತ ತಂದೆಗೆ ಟ್ರಾಕ್ಟರೂ, ಮಗಳಿಗೆ ಕೋಚಿಂಗ್ ಕೇಂದ್ರವೂ, ಅಜ್ಜನಿಗೆ ಮಂಡಿನೋವಿನ ತೈಲವೂ ಕಾಣುವುದು ಈ ಕಾರಣದಿಂದಲೇ.

ಈ ಬೆನ್ನಟ್ಟುವಿಕೆಯು ಎಷ್ಟರಮಟ್ಟಿಗೆ ಹೋಗಬಲ್ಲದು ಎಂಬುದಕ್ಕೆ ಎರಡು ಪ್ರಸಂಗಗಳನ್ನು ನೋಡಬಹುದು. ವಿಜಿಯೊ ಎಂಬ ಅಮೆರಿಕದ ಟಿ.ವಿ. ತಯಾರಕ ಸಂಸ್ಥೆಯು ೧.೧ ಕೋಟಿ ಟಿ.ವಿ.ಗಳಲ್ಲಿ ಏನು ನೋಡಲಾಗುತ್ತಿದೆ ಎಂಬುದನ್ನು ವೀಕ್ಷಕರ ಒಪ್ಪಿಗೆಯಿಲ್ಲದೆ ಕ್ಷಣಕ್ಷಣಕ್ಕೂ ಸಂಗ್ರಹಿಸುತ್ತಿದ್ದಿತೆಂಬ ಆಪಾದನೆ ಬಂದು, ೨೦೧೭ರ ಫೆಬ್ರವರಿಯಲ್ಲಿ ೨೨ ಲಕ್ಷ ಡಾಲರ್ ತೆತ್ತು ಇತ್ಯರ್ಥ ಮಾಡಿಕೊಂಡಿತು. ಟಿ.ವಿ.ಯಿಂದ ಹೊರಡುವ, ಮನುಷ್ಯನ ಕಿವಿಗೆ ಕೇಳದ ಧ್ವನಿಸಂಕೇತವನ್ನು ಹತ್ತಿರದಲ್ಲಿಟ್ಟ ಮೊಬೈಲು ಆಲಿಸಿ ಎರಡೂ ಪರದೆಗಳನ್ನು ಜೋಡಿಸುವ ಉಪಾಯವನ್ನು ಭಾರತ ಮೂಲದ ಸಿಲ್ವರ್‌ಪುಶ್ ಎಂಬ ಸಂಸ್ಥೆಯು ರೂಪಿಸಿತ್ತು. ಅದನ್ನು ಅಳವಡಿಸಿಕೊಂಡಿದ್ದ ಹನ್ನೆರಡು ಆ್ಯಪ್ ತಯಾರಕರಿಗೆ ಅಮೆರಿಕದ ವ್ಯಾಪಾರ ಆಯೋಗವು ೨೦೧೬ರ ಮಾರ್ಚಿನಲ್ಲಿ ಎಚ್ಚರಿಕೆಯ ಪತ್ರ ಬರೆಯಿತು. ಎರಡೂ ಪ್ರಸಂಗಗಳಲ್ಲಿ ದೋಷವಿದ್ದುದು ಜಾಹೀರಾತಿನಲ್ಲಲ್ಲ, ಮನೆಯವರಿಗೆ ತಿಳಿಸದೆ ಮನೆಯೊಳಗೆ ಇಣುಕಿದ್ದರಲ್ಲಿ.

ನಮ್ಮ ಓದುಗ ಬಂಧುಗಳಲ್ಲಿ ವ್ಯಾಪಾರಸ್ಥರೂ ಬಹುಮಂದಿ ಇದ್ದಾರೆ. ಸೀರೆಯ ಅಂಗಡಿಯವರು, ರೊಟ್ಟಿ-ಚಟ್ನಿಪುಡಿಯ ಗೃಹೋದ್ಯಮ ನಡೆಸುವ ತಾಯಂದಿರು ಈ ಮಾಧ್ಯಮದಲ್ಲಿ ಹಣ ತೊಡಗಿಸುತ್ತಿರುವುದು ಸಹಜವೇ ಆಗಿದೆ. ದೊಡ್ಡ ಸಂಸ್ಥೆಗಳಿಗೆ ಮಾತ್ರ ನಿಲುಕುತ್ತಿದ್ದ ಚಲಚ್ಚಿತ್ರದ ಜಾಹೀರಾತು ಇಂದು ಕೆಲವೇ ನೂರು ರೂಪಾಯಿಗಳಿಂದ, ಒಂದೇ ತಾಲ್ಲೂಕಿನ ಜನರಿಗೆ, ಅವರ ಭಾಷೆಯಲ್ಲಿಯೇ ಸಾಧ್ಯವಾಗಿದೆ. ೨೦೨೩ರ ಐಪಿಎಲ್ ಕ್ರಿಕೆಟ್ ಪಂದ್ಯಗಳು ಅಂತರ್ಜಾಲದಲ್ಲಿ ಹನ್ನೆರಡು ಭಾಷೆಗಳಲ್ಲಿ ಉಚಿತವಾಗಿ ಪ್ರಸಾರವಾದಾಗ ಅವುಗಳಲ್ಲಿ ಕನ್ನಡವೂ ಒಂದಾಗಿತ್ತು. ಈ ಉಪಕಾರವನ್ನು ಅಲ್ಲಗಳೆಯಲಾಗದು.

ಆದರೆ ಅವರಿಗೊಂದು ಕಿವಿಮಾತು: ಪರದೆಗಳ ಎಣಿಕೆಯು ಜನರ ಎಣಿಕೆಯಲ್ಲ. ಒಬ್ಬನೇ ಗ್ರಾಹಕನು ಟಿ.ವಿ., ಮೊಬೈಲು, ಗಣಕಯಂತ್ರಗಳಲ್ಲಿ ಒಂದು ಜಾಹೀರಾತನ್ನು ಕಂಡರೆ ಲೆಕ್ಕದಲ್ಲಿ ಮೂವರಾಗಬಹುದು; ಒಂದು ಟಿ.ವಿ.ಯ ಮುಂದೆ ಐವರು ಕುಳಿತರೆ ಒಬ್ಬರಾಗಬಹುದು. ‘ನೋಡಿದರು’ ಎಂಬ ಮಾತಿನ ಅರ್ಥವೂ ಬಹಳ ತೆಳುವಾದುದು. ೨೦೧೪ರಲ್ಲಿ ಅಮೆರಿಕದ ಮಾಧ್ಯಮ ಮಾಪನ ಮಂಡಳಿಯು ಗೊತ್ತುಪಡಿಸಿದ ಅಳತೆಯಂತೆ, ವಿಡಿಯೊ ಜಾಹೀರಾತಿನ ಅರ್ಧಭಾಗವು ಎರಡು ಸೆಕೆಂಡು ಸತತವಾಗಿ ಪರದೆಯ ಮೇಲಿದ್ದರೆ ಸಾಕು, ಅದು ನೋಡಲು ದೊರೆತ ಜಾಹೀರಾತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಬಿಟ್ಟು ಸರಾಸರಿ ತೆಗೆದುದರಿಂದ, ತನ್ನ ವಿಡಿಯೊಗಳನ್ನು ಜನರು ನೋಡುವ ಸರಾಸರಿ ಕಾಲವು ವಾಸ್ತವಕ್ಕಿಂತ ಬಹಳ ಹೆಚ್ಚಾಗಿ ವರದಿಯಾಗಿತ್ತೆಂದು ಫೇಸ್‌ಬುಕ್ ಸಂಸ್ಥೆಯೇ ೨೦೧೬ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ಆದ್ದರಿಂದ ‘ನಿಮ್ಮ ಜಾಹೀರಾತನ್ನು ಲಕ್ಷ ಜನ ನೋಡಿದರು’ ಎಂಬ ವರದಿಗೆ ಹಿಗ್ಗದೆ, ಎಷ್ಟು ಜನ ಬೇರೆ ಬೇರೆ ವ್ಯಕ್ತಿಗಳು, ಒಬ್ಬನಿಗೇ ಎಷ್ಟು ಸಲ, ಯಾವ ಪರದೆಯಲ್ಲಿ, ಎಷ್ಟು ಹೊತ್ತು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಒಬ್ಬನಿಗೆ ವಾರಕ್ಕೆ ಇಂತಿಷ್ಟೇ ಸಲ ತೋರಿಸಬೇಕೆಂಬ ಮಿತಿಯನ್ನು ಹಾಕುವ ಅನುಕೂಲವೂ ಇದೆ, ಅದನ್ನು ಬಳಸಬೇಕು. ಬಾಗಿಲು ತಟ್ಟಿದ ಅತಿಥಿಗೆ ಆದರವುಂಟು. ದಿನಕ್ಕೆ ಹತ್ತು ಸಲ ತಟ್ಟುವವನಿಗೆ ಆದರವಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಜಾಹೀರಾತು ಮನೆಯನ್ನು ಬಿಟ್ಟು ವ್ಯಕ್ತಿಯನ್ನು ಹುಡುಕತೊಡಗಿದಾಗ ಆದ ದೊಡ್ಡ ನಷ್ಟವೆಂದರೆ ಸಾಕ್ಷಿಗಳ ನಷ್ಟ. ಮಗನ ಮೊಬೈಲಿನಲ್ಲಿ ಬಂದುದು ತಾಯಿಗೆ ಕಾಣದು. ಅಜ್ಜನಿಗೆ ಬಂದುದು ಮಗನಿಗೆ ಕಾಣದು. ವಂಚಕರಿಗೆ ಇದಕ್ಕಿಂತ ಅನುಕೂಲವಾದ ಕತ್ತಲೆ ಬೇರೊಂದಿಲ್ಲ. ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣಮೂರ್ತಿಯವರು, ತಮ್ಮ ಮುಖವನ್ನೂ ಧ್ವನಿಯನ್ನೂ ಕೃತಕವಾಗಿ ಸೃಷ್ಟಿಸಿ ಷೇರು ವಹಿವಾಟಿನ ಆ್ಯಪ್‌ಗಳನ್ನು ತಾವು ಬೆಂಬಲಿಸಿದಂತೆ ತೋರಿಸಲಾಗುತ್ತಿದೆ, ನಂಬಬೇಡಿರೆಂದು ೨೦೨೩ರ ಡಿಸೆಂಬರಿನಲ್ಲಿ ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು. ಮರುತಿಂಗಳೇ ಸಚಿನ್ ತೆಂಡೂಲ್ಕರ್ ಅವರೂ ಇಂತಹುದೇ ನಕಲಿ ವಿಡಿಯೊದ ವಿರುದ್ಧ ದೂರಿದರು. ನಿವೃತ್ತಿಯ ಹಣವನ್ನು ಕೈಯಲ್ಲಿಟ್ಟುಕೊಂಡು, ಮಧ್ಯಾಹ್ನದ ಏಕಾಂತದಲ್ಲಿ, ಗೌರವಾನ್ವಿತರ ಮುಖವೇ ಕನ್ನಡದಲ್ಲಿ ಮಾತಾಡುವುದನ್ನು ಕಂಡ ಹಿರಿಯರು ನಂಬಿದರೆ ಅದು ಅವರ ದಡ್ಡತನವಲ್ಲ. ಪಕ್ಕದಲ್ಲಿ ಕುಳಿತು ‘ತಡೆಯಿರಿ, ವಿಚಾರಿಸೋಣ’ ಎನ್ನುವವರು ಇಲ್ಲದ್ದು ಅಲ್ಲಿಯ ಕೊರತೆ.

ಮಕ್ಕಳ ವಿಷಯವೂ ಹೀಗೆಯೇ. ಮಕ್ಕಳ ವಿಡಿಯೊ ನೋಡುವವರ ಮಾಹಿತಿಯನ್ನು ತಂದೆತಾಯಿಯರ ಅನುಮತಿಯಿಲ್ಲದೆ ಸಂಗ್ರಹಿಸಿದ ಆಪಾದನೆಯ ಮೇಲೆ ಗೂಗಲ್ ಮತ್ತು ಯೂಟ್ಯೂಬ್ ೨೦೧೯ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ೧೭ ಕೋಟಿ ಡಾಲರ್ ತೆರಲು ಒಪ್ಪಿದವು. ನಮ್ಮ ಸಂಸತ್ತು ೨೦೨೩ರ ಆಗಸ್ಟಿನಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷದೊಳಗಿನವರನ್ನು ಹಿಂಬಾಲಿಸಿ ನಿಗಾ ಇಡುವುದನ್ನೂ, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರುವುದನ್ನೂ ನಿಷೇಧಿಸುತ್ತದೆ. ಕಾಯಿದೆಯು ಹಂತಹಂತವಾಗಿ ಜಾರಿಗೆ ಬರುವಂತೆ ೨೦೨೫ರ ನವೆಂಬರಿನಲ್ಲಿ ಹೊರಟ ನಿಯಮಗಳು ಗೊತ್ತುಪಡಿಸಿವೆ. ತಪ್ಪುದಾರಿಗೆಳೆಯುವ ಜಾಹೀರಾತಿಗೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಹತ್ತು ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ ಐವತ್ತು ಲಕ್ಷದವರೆಗೆ ದಂಡವುಂಟು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನು ೨೦೨೫ರ ಆಗಸ್ಟಿನ ಕಾಯಿದೆ ನಿಷೇಧಿಸಿದೆ. ಆದರೆ ಕಾನೂನಿನ ಕೈ ಎಷ್ಟೇ ಉದ್ದವಾದರೂ ಅಂಗೈಯಲ್ಲಿರುವ ಪರದೆಯನ್ನು ಮೊದಲು ಮುಟ್ಟುವುದು ಮನೆಯವರ ಕೈಯೇ.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಪರದೆಗಳನ್ನು ಒಡೆದುಹಾಕಬೇಕೆಂದು ನಾವು ಹೇಳುವುದಿಲ್ಲ. ಮೊದಲನೆಯದಾಗಿ, ಪುಟ್ಟ ಮಕ್ಕಳು ನೋಡುವುದಕ್ಕೆ ಹಿರಿಯರ ಖಾತೆಯನ್ನು ಬಿಟ್ಟುಕೊಡದೆ ಮಕ್ಕಳಿಗಾಗಿಯೇ ಇರುವ ಖಾತೆಯನ್ನು ತೆರೆಯಬೇಕು. ಎರಡನೆಯದಾಗಿ, ಹೊಸ ಟಿ.ವಿ.ಯನ್ನು ಮೊದಲ ಸಲ ಚಾಲೂ ಮಾಡುವಾಗ ಅದು ಕೇಳುವ ಎಲ್ಲ ಒಪ್ಪಿಗೆಗಳಿಗೂ ‘ಹೌದು’ ಎಂದು ಒತ್ತಿಬಿಡಬಾರದು. ನೋಡಿದ್ದನ್ನು ಸಂಗ್ರಹಿಸುವ, ಜಾಹೀರಾತಿಗೆ ಬಳಸುವ ಅನುಮತಿಗಳನ್ನು ಓದಿ ನಿರಾಕರಿಸಬಹುದು. ಮೂರನೆಯದಾಗಿ, ಗೂಗಲ್ ೨೦೨೨ರಲ್ಲಿ ತೆರೆದ ‘ಮೈ ಆ್ಯಡ್ ಸೆಂಟರ್’ ಎಂಬಲ್ಲಿ ವ್ಯಕ್ತಿಗೆ ತಕ್ಕಂತೆ ಬರುವ ಜಾಹೀರಾತನ್ನು ನಿಲ್ಲಿಸಲು ಅವಕಾಶವಿದೆ. ಯಾವ ಜಾಹೀರಾತನ್ನು ಯಾರು ಕೊಟ್ಟರೆಂಬುದನ್ನು ಅದೇ ಸಂಸ್ಥೆಯು ೨೦೨೩ರಲ್ಲಿ ಆರಂಭಿಸಿದ ‘ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್’ನಲ್ಲಿ ಹುಡುಕಿ ನೋಡಬಹುದು. ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ ಕೂಡಲೇ ೧೯೩೦ ಸಂಖ್ಯೆಗೆ ಕರೆ ಮಾಡಬೇಕು. ವಿಳಂಬವಾದಷ್ಟೂ ಹಣ ಕೈತಪ್ಪುವ ಸಂಭವ ಹೆಚ್ಚು. ಸರಕಿನ ವಿಷಯದ ದೂರಿಗೆ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫.

ಇವೆಲ್ಲಕ್ಕಿಂತ ಸುಲಭವಾದ, ಖರ್ಚಿಲ್ಲದ ಇನ್ನೊಂದು ಉಪಾಯವಿದೆ. ರಾತ್ರಿಯ ಊಟಕ್ಕೆ ಎಲ್ಲರೂ ಕೂಡಿದಾಗ ‘ಇಂದು ನಿನಗೆ ಯಾವ ಜಾಹೀರಾತು ಬಂದಿತ್ತು?’ ಎಂದು ಒಬ್ಬರನ್ನೊಬ್ಬರು ಕೇಳುವುದು. ಈ ಪ್ರಶ್ನೆಯಲ್ಲಿ ಬೇಹುಗಾರಿಕೆ ಇರಬಾರದು, ಗದರಿಕೆಯೂ ಇರಬಾರದು. ಇದ್ದರೆ ಮಕ್ಕಳು ಮುಚ್ಚಿಡುವರು, ಹಿರಿಯರು ನೊಂದುಕೊಳ್ಳುವರು. ನಗುನಗುತ್ತ ಕೇಳಿ, ತಮಗೆ ಬಂದುದನ್ನೂ ಹೇಳಬೇಕು. ಅಜ್ಜನಿಗೆ ಬಂದ ಹಣ ದ್ವಿಗುಣದ ವಿಡಿಯೊವನ್ನು ಮೊಮ್ಮಗಳು ಒಮ್ಮೆ ನೋಡಿದರೆ ಅದರ ತುಟಿಗೂ ಮಾತಿಗೂ ಹೊಂದಿಕೆಯಿಲ್ಲದ್ದನ್ನು ಅವಳು ಕಂಡುಹಿಡಿಯಬಹುದು. ಮೊಮ್ಮಗಳಿಗೆ ಬಂದ ಮುಖಕಾಂತಿಯ ಲೇಪನದ ಪೊಳ್ಳನ್ನು ಅಜ್ಜಿ ಒಂದೇ ಮಾತಿನಲ್ಲಿ ತೋರಿಸಿಕೊಡಬಹುದು. ಸಾವಿರ ರೂಪಾಯಿಗೆ ಮೇಲ್ಪಟ್ಟ ಯಾವುದನ್ನೇ ಆಗಲಿ ಜಾಹೀರಾತನ್ನು ಕಂಡ ದಿನವೇ ಕೊಳ್ಳಬಾರದು, ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿಯೇ ಕೊಳ್ಳಬೇಕು ಎಂಬ ನಿಯಮವನ್ನು ಮನೆಯವರೆಲ್ಲ ಕೂಡಿ ಮಾಡಿಕೊಂಡರೆ ಇನ್ನೂ ಒಳಿತು. ಆ ನಿಯಮಕ್ಕೆ ಯಜಮಾನನೂ ಒಳಪಟ್ಟಿರಬೇಕು.

ವ್ಯಾಪಾರವು ಬೆಳೆಯಲಿ, ಸತ್ಯವಾದ ಸರಕಿನ ಸುದ್ದಿ ಎಲ್ಲ ಪರದೆಗಳನ್ನೂ ಮುಟ್ಟಲಿ. ನಾಲ್ವರ ಎದುರಿಗೆ ಹೇಳಲು ಅಂಜದ ಮಾತನ್ನೇ ಒಬ್ಬನ ಅಂಗೈಗೂ ಕಳುಹಿಸುವ ವ್ಯಾಪಾರಿಯನ್ನು ಜನರು ಕೈಬಿಡುವುದಿಲ್ಲ. ಅಂತೆಯೇ, ಒಬ್ಬೊಬ್ಬರೇ ಕಂಡುದನ್ನು ನಾಲ್ವರ ನಡುವೆ ತಂದಿಟ್ಟು ವಿಚಾರಿಸುವ ಮನೆಯನ್ನು ವಂಚಿಸುವುದೂ ಸುಲಭವಲ್ಲ. ಓದುಗ ಬಂಧುಗಳು ಇದನ್ನು ತಮ್ಮ ಮನೆಗಳಲ್ಲಿ ಆಚರಣೆಗೆ ತಂದು ನೋಡುವರೆಂದು ಆಶಿಸುತ್ತೇವೆ.