ತಗಡು ಪಕ್ಕಾ, ಮಣ್ಣು ಅರ್ಧ ಪಕ್ಕಾ: ಈ ಲೆಕ್ಕ ಒಪ್ಪೋದು ಹೇಗೆ?

ಭಾಗ 1/7

ಎರಡು ಮನೆ ಅಂದುಕೊಳ್ಳಿ. ಒಂದರ ಗೋಡೆಯೂ ತಗಡು, ಛಾವಣಿಯೂ ತಗಡು. ಇನ್ನೊಂದಕ್ಕೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹಂಚು. ಇದರಲ್ಲಿ ಪಕ್ಕಾ ಮನೆ ಯಾವುದು?

ನೀವು ಕಾಮೆಂಟ್‌ನಲ್ಲಿ ಏನೇ ಬರೀರಿ, ಸರ್ಕಾರದ ಉತ್ತರ ಮೊದಲೇ ರೆಡಿ ಇದೆ. ಜನಗಣತಿಯ ವ್ಯಾಖ್ಯೆಯಲ್ಲಿ ಗೋಡೆ, ಛಾವಣಿ ಎರಡೂ ಬಾಳಿಕೆ ಬರುವ ವಸ್ತುವಿನದ್ದಾದರೆ ಅದು ‘ಶಾಶ್ವತ’ ಮನೆ. ಆ ಪಟ್ಟಿಯಲ್ಲಿ ತಗಡು ಗೋಡೆಗೂ ಇದೆ, ಛಾವಣಿಗೂ ಇದೆ. ಮಣ್ಣಿನ ಗೋಡೆ ಇಲ್ಲ. ಹಾಗಾಗಿ ತಗಡಿನ ಡಬ್ಬಿ ಪೂರ್ತಿ ಪಾಸು. ಮಣ್ಣಿನ ಗೋಡೆ, ಹಂಚಿನ ಮನೆ ‘ಅರೆ ಶಾಶ್ವತ’. ಹುಲ್ಲಿನ ಛಾವಣಿ ಆದರೆ ಪೂರ್ತಿ ಫೇಲು.

ನನ್ನ ತಕರಾರು ಇದು. ಈ ಪಟ್ಟಿ ಒಂದೇ ಪ್ರಶ್ನೆ ಕೇಳ್ತದೆ: ಮನೆ ಎಷ್ಟು ವರ್ಷ ನಿಲ್ತದೆ? ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಅದರೊಳಗೆ ಮನುಷ್ಯ ಕೂತಿರಬಹುದಾ ಅನ್ನೋದು ಪಟ್ಟಿಯಲ್ಲೇ ಇಲ್ಲ. ಮನೆ ಕಟ್ಟೋದು ಗೋಡೆ ನಿಲ್ಲಿಸೋಕಲ್ಲ, ಒಳಗೆ ಬದುಕೋಕೆ.

ಭಾಗ 2/7

“ನಾವು ಬಿಕಾಂ, ಫಿಸಿಕ್ಸ್ ನಮಗ್ಯಾಕೆ” ಅಂತ ಸ್ಕ್ರೋಲ್ ಮಾಡಬೇಡಿ. ಬಿಸಿಯ ಲೆಕ್ಕ ನಮ್ಮ ಜಮಾ-ಖರ್ಚಿನ ಲೆಕ್ಕವೇ. ಒಂದು ವಸ್ತು ಕಳಕೊಂಡ ಬಿಸಿ ಇನ್ನೊಂದರ ಖಾತೆಗೆ ಜಮಾ ಆಗಲೇಬೇಕು, ಮಧ್ಯದಲ್ಲಿ ಮಾಯ ಆಗಲ್ಲ. ತಾನಾಗಿ ಹರಿಯೋದು ಹೆಚ್ಚು ಬಿಸಿ ಇರುವಲ್ಲಿಂದ ಕಡಿಮೆ ಬಿಸಿ ಇರುವಲ್ಲಿಗೆ ಮಾತ್ರ. ‘ತಂಪು ಒಳಗೆ ಬಂತು’ ಅಂತೀವಲ್ಲ, ನಿಜವಾಗಿ ಆಗಿದ್ದು ಬಿಸಿ ಹೊರಗೆ ಹೋಗಿದ್ದು.

ಹೋಗೋಕೆ ದಾರಿ ಮೂರು. ವಹನ: ಸ್ಟೀಲ್ ಲೋಟದ ಚಹಾ ಬೆರಳು ಸುಡೋದು. ಸಂವಹನ: ಕಾದ ಗಾಳಿ ಹಗುರಾಗಿ ಮೇಲೇರೋದು, ಒಲೆಯ ಹೊಗೆ ಹಂಚಿನ ಸಂದಿಯಿಂದ ಹೊರಬೀಳೋ ಹಾಗೆ. ವಿಕಿರಣ: ಮುಟ್ಟದೇ, ಗಾಳಿಯ ಸಹಾಯವೂ ಇಲ್ಲದೇ ಬರೋ ಬಿಸಿ. ಚಳಿಗಾಲದಲ್ಲಿ ಬೆಂಕಿ ಮುಂದೆ ಕೂತಾಗ ಮುಖ ಕಾದು ಬೆನ್ನು ತಣ್ಣಗೇ ಇರ್ತದಲ್ಲ, ಅದು.

ಹೈಸ್ಕೂಲಲ್ಲಿ ಇದನ್ನೆಲ್ಲ ಓದಿದ್ವಿ. ಕಬ್ಬಿಣದ ಸರಳು, ಅದಕ್ಕೆ ಮೇಣದಿಂದ ಅಂಟಿಸಿದ ಮೊಳೆಗಳು, ಒಂದೊಂದಾಗಿ ಬೀಳೋ ಚಿತ್ರ. ಎರಡು ಮಾರ್ಕು ಬಂತು, ಮರೆತ್ವಿ. ಪಾಠ ಸರಳಿಗೇ ನಿಂತಿತು. ತಲೆ ಮೇಲಿನ ತಗಡಿನ ತನಕ ಬರಲಿಲ್ಲ.

ಭಾಗ 3/7

ಈಗ ತಗಡಿನ ಲೆಕ್ಕ ನೋಡ್ರಿ.

ಮೋಡ ಇಲ್ಲದ ಮಧ್ಯಾಹ್ನ ನೆತ್ತಿ ಮೇಲಿನ ಸೂರ್ಯ ಪ್ರತಿ ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಸುರೀತಾನೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್. ಅಂದ್ರೆ 1,000 ವ್ಯಾಟಿನ 25 ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಛಾವಣಿ ಮೇಲೆ ಇಟ್ಟ ಹಾಗೆ. ಒಂದಷ್ಟು ಬೆಳಕು ಮೇಲಕ್ಕೇ ವಾಪಸ್ ಹೋಗ್ತದೆ, ಒಂದಷ್ಟು ಬಿಸಿ ಗಾಳಿ ಒಯ್ಯತದೆ. ಉಳಿದದ್ದು ಕೆಳಗೆ ಇಳೀತದೆ.

ಅರ್ಧ ಮಿಲಿಮೀಟರ್ ದಪ್ಪದ ತಗಡು ಒಂದು ಚದರ ಮೀಟರಿಗೆ ತೂಗೋದು ಸುಮಾರು 4 ಕೆಜಿ. ಬಿಸಿಯನ್ನು ಹಿಡಿದಿಟ್ಟುಕೊಳ್ಳೋಕೆ ಅದರ ಹತ್ತಿರ ಜಾಗವೇ ಇಲ್ಲ. ನಿಮಿಷಗಳಲ್ಲಿ ಕಾಯ್ತದೆ, ಬಿರುಬಿಸಿಲಿಗೆ 60 ಡಿಗ್ರಿ ಮುಟ್ಟೋದು ಅಪರೂಪ ಅಲ್ಲ. ಆಮೇಲೆ ಅದೇ ತಗಡು ಕೆಳಗಿರೋ ತಲೆ, ಹಾಸಿಗೆ, ನೀರಿನ ಕೊಡ ಎಲ್ಲದರ ಮೇಲೂ ವಿಕಿರಣ ಬಿಡ್ತದೆ. ಫ್ಯಾನ್ ಹಾಕಿದ್ರೆ? ಫ್ಯಾನ್ ಗಾಳಿ ತಿರುಗಿಸ್ತದೆ, ತಂಪು ತಯಾರಿಸಲ್ಲ. ವಿಕಿರಣಕ್ಕೆ ಅದು ಅಡ್ಡ ಬರಲ್ಲ. ಮೇಲೆ ಸೇರಿದ್ದ ಬಿಸಿಗಾಳಿಯನ್ನೂ ಕೆಳಗೆ ತಳ್ತದೆ.

ಸುಮ್ಮನೆ ಕೂತ ಮನುಷ್ಯನ ದೇಹವೂ ಸುಮಾರು 100 ವ್ಯಾಟ್ ಬಿಸಿ ಹೊರಹಾಕ್ತಿರಬೇಕು. ಸುತ್ತಲಿನದ್ದೆಲ್ಲ ಚರ್ಮಕ್ಕಿಂತ ಬಿಸಿ ಆದಾಗ ಉಳಿಯೋದು ಒಂದೇ ದಾರಿ, ಬೆವರು ಆರೋದು. ಮೇ ಕೊನೆಗೆ, ಮಳೆಗೆ ಮುಂಚಿನ ಆ ಜಿಗುಟು ಹವೆಯಲ್ಲಿ ಬೆವರು ಆರೋದೂ ಕಷ್ಟ. ಆ ಹೊತ್ತಿಗೆ ಮನೆಯೊಳಗೆ ಇರೋರು ಯಾರು? ನಾವಲ್ಲ, ನಾವು ಕಾಲೇಜಲ್ಲೋ ಮರದ ಕೆಳಗೋ ಇರ್ತೀವಿ. ಒಳಗಿರೋರು ಅಜ್ಜಿ, ಬಾಣಂತಿ, ತೊಟ್ಟಿಲ ಕೂಸು.

ಚಳಿಗಾಲದಲ್ಲಿ ಇದೇ ತಗಡು ಉಲ್ಟಾ ಹೊಡೀತದೆ. ತಿಳಿ ಆಕಾಶದ ರಾತ್ರಿ ಅದು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗ್ತದೆ. ಒಳಗಿನ ತೇವ ಅದರ ಅಡಿಗೆ ಕಟ್ಟಿ ಬೆಳಗಿನ ಜಾವ ಹಾಸಿಗೆ ಮೇಲೆ ಹನಿ ಹನಿ ಬೀಳ್ತದೆ. ಮಳೆ ಇಲ್ಲದ ದಿನವೂ ಸೋರೋ ಮನೆ. ಇದು ಪಕ್ಕಾ ಅಂತೆ.

ಭಾಗ 4/7

‘ಅರೆ ಶಾಶ್ವತ’ ಅಂತ ಸೀಲು ಹೊಡೆಸಿಕೊಂಡ ಮನೆಯ ಲೆಕ್ಕ ಈಗ.

ಒಂದೂವರೆ ಅಡಿ ಮಣ್ಣಿನ ಗೋಡೆ ತಗಡಿಗಿಂತ ಸುಮಾರು 900 ಪಟ್ಟು ದಪ್ಪ. ಬಿಸಿ ಸಾಗಿಸೋದರಲ್ಲಿ ಉಕ್ಕು ಒಣಮಣ್ಣಿಗಿಂತ 50 ಪಟ್ಟಿಗೂ ಹೆಚ್ಚು ಚುರುಕು. ಒಂದು ಚದರ ಮೀಟರ್ ಮಣ್ಣಿನ ಗೋಡೆಯ ತೂಕ 700 ಕೆಜಿ ಆಸುಪಾಸು. ಅದು ರಿಸರ್ವ್ ಫಂಡ್ ಇರೋ ಬ್ಯಾಂಕ್ ಇದ್ದ ಹಾಗೆ: ಹಗಲಿಡೀ ಬಿಸಿ ಜಮಾ ಮಾಡಿದ್ರೂ ಒಳಗೆ ಗೊತ್ತಾಗಲ್ಲ. ಮಧ್ಯಾಹ್ನದ ಬಿಸಿ ಗೋಡೆ ದಾಟಿ ಒಳಮೈಗೆ ಬರೋಕೆ ಹತ್ತು ಹನ್ನೆರಡು ತಾಸು ಬೇಕು. ಬರೋ ಹೊತ್ತಿಗೆ ಹೊರಗೆ ತಂಗಾಳಿ ಬೀಸ್ತಿರ್ತದೆ. ಒಳಗೆ ಬೇಕಾಗೋದೂ ಆಗಲೇ ಸ್ವಲ್ಪ ಬೆಚ್ಚಗೆ.

ಹಂಚು ಇನ್ನೂ ಜಾಣ. ಹಂಚು ಹಂಚಿನ ನಡುವೆ ಸಣ್ಣ ಸಂದಿ ಇರ್ತದೆ, ಮೇಲೇರಿದ ಬಿಸಿಗಾಳಿ ಅಲ್ಲಿಂದಲೇ ಹೊರಗೆ. 1865ರಲ್ಲಿ ಬಾಸೆಲ್ ಮಿಷನ್‌ನ ಪ್ಲೆಬ್‌ಸ್ಟ್ ಮಂಗಳೂರಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹಂಚು ಕರಾವಳಿ, ಘಟ್ಟ ಎಲ್ಲ ತುಂಬಿದ್ದು ಸುಮ್ಮನೆ ಅಲ್ಲ. ಹುಲ್ಲಿನ ಛಾವಣಿ ಅಂದ್ರೆ ಹುಲ್ಲಿನೊಳಗೆ ಸಿಕ್ಕಿಬಿದ್ದ ಗಾಳಿ. ಅಲುಗಾಡದ ಗಾಳಿಯಷ್ಟು ಅಗ್ಗದ ತಡೆ ಇನ್ನೊಂದಿಲ್ಲ.

ಜೊಯಿಡಾದ ಕುಣಬಿ ಕೇರಿಗಳಲ್ಲಿ, ಹಳಿಯಾಳ, ಮುಂಡಗೋಡ ಕಡೆಯ ಹಳೇ ಮನೆಗಳಲ್ಲಿ ಈ ವಿದ್ಯೆ ಇತ್ತು. ಪುಸ್ತಕದಲ್ಲಲ್ಲ, ಗೋಡೆಯಲ್ಲಿ. ಮಜಾ ಏನು ಗೊತ್ತಾ? ದಾಂಡೇಲಿ, ಗಣೇಶಗುಡಿ ಸುತ್ತ ಪ್ರವಾಸಿಗರಿಗೆ ‘ಮಣ್ಣಿನ ಕಾಟೇಜ್’ ಅಂದ್ರೆ ಸ್ಪೆಷಲ್, ಅದಕ್ಕೆ ರಾತ್ರಿ ಲೆಕ್ಕದಲ್ಲಿ ಬಾಡಿಗೆ. ಅದೇ ಗೋಡೆ ಕುಣಬಿ ಮನೆಯದ್ದಾದರೆ ಕಚ್ಚಾ. ಗೋಡೆ ಒಂದೇ, ಒಳಗೆ ಮಲಗೋರು ಬೇರೆ.

ಭಾಗ 5/7

ಕಾಮೆಂಟಲ್ಲಿ ಬರೋದು ಗೊತ್ತಿದೆ. ಉತ್ತರ ಈಗಲೇ.

“ಮಣ್ಣಿನ ಮನೆಗೆ ವಾಪಸ್ ಹೋಗು ಅಂತೀಯಾ?” ಇಲ್ಲ. ನಮ್ಮ ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ ಕುಸಿಯೋದು ತಮಾಷೆ ಅಲ್ಲ. ಗೆದ್ದಲು ಇದೆ, ಹಂಚು ಒಡೆಯೋ ಮಂಗ ಇದೆ, ಹುಲ್ಲು ಪದೇ ಪದೇ ಬದಲಾಯಿಸಬೇಕು, ಹಂಚು ತಿರುವಿ ಹಾಕೋಕೆ ಆಳು ಸಿಗಲ್ಲ. ತಗಡು ಹಾಕಿದೋರು ದಡ್ಡರಲ್ಲ. ಅವರ ಕೈಯಲ್ಲಿದ್ದ ದುಡ್ಡಿಗೆ ಮಳೆ ತಡೆಯೋ ವಸ್ತು ಅದೊಂದೇ ಇತ್ತು. ನನ್ನ ಜಗಳ ಅವರ ಜೊತೆ ಅಲ್ಲ. ಮಳೆ ಮಾತ್ರ ಲೆಕ್ಕ ಹಿಡಿದು ಬಿಸಿಲನ್ನ ಬಿಟ್ಟ ಪಟ್ಟಿಯ ಜೊತೆ.

“ಹಾಗಾದ್ರೆ ಸ್ಲ್ಯಾಬ್ ಹಾಕಿದ್ರಾಯ್ತು.” ಕಾಂಕ್ರೀಟು ತಗಡಿಗಿಂತ ನಿಧಾನ, ನಿಜ. ಆದ್ರೆ ನಾಲ್ಕೈದು ಇಂಚಿನ ಸ್ಲ್ಯಾಬ್ ಮಧ್ಯಾಹ್ನ ಕುಡಿದ ಬಿಸಿಯನ್ನ ಸಂಜೆಯಿಂದ ನಡುರಾತ್ರಿ ತನಕ ಕೆಳಗೆ ಇಳಿಸ್ತದೆ, ಸರಿಯಾಗಿ ನೀವು ಮಲಗೋ ಹೊತ್ತಿಗೆ. ಅದಕ್ಕೇ ಬೇಸಿಗೆಯಲ್ಲಿ ಸ್ಲ್ಯಾಬ್ ಮನೆಯವರು ಚಾಪೆ ಹೊತ್ತು ಟೆರೇಸಿಗೆ ಹೋಗೋದು.

“ಜೊಯಿಡಾದಲ್ಲಿ ಕಾಡಿದೆಯಲ್ಲ, ಸೆಕೆ ಎಲ್ಲಿ?” ಕಾಡು ತಂಪು ಹೌದು. ಮರದ ಎಲೆಯಿಂದ ಒಂದು ಲೀಟರ್ ನೀರು ಆವಿಯಾಗೋಕೆ ಸುಮಾರು 2,400 ಕಿಲೋಜೂಲ್ ಬಿಸಿ ಬೇಕು, ಹತ್ತಿರತ್ತಿರ ಮುಕ್ಕಾಲು ಯೂನಿಟ್ ಕರೆಂಟಿನಷ್ಟು. ಆ ಬಿಸಿ ಸುತ್ತಲಿನ ಗಾಳಿ, ಬಿಸಿಲಿನ ಖಾತೆಯಿಂದ ಕಳೀತದೆ. ಆದ್ರೆ ಅದು ಹೊರಗಿನ ತಂಪು. ತಗಡಿಗೆ ನೇರ ಬಿಸಿಲು ಬಿದ್ರೆ ನೂರು ಮೀಟರ್ ಆಚೆ ಕಾಡಿದ್ದು ಒಳಗಿನೋರಿಗೆ ಉಪಯೋಗ ಕಡಿಮೆ. ಮೇಲಿಂದ ನಾವು ಅಂಗಳದ ಹಲಸು ಕಡಿದು ಇಂಟರ್‌ಲಾಕ್ ಕಲ್ಲು ಹಾಸ್ತಿದ್ದೀವಿ.

ಭಾಗ 6/7

ಈಗ ನಮ್ಮ ಸಬ್ಜೆಕ್ಟು, ದುಡ್ಡು.

2016ರಲ್ಲಿ ಶುರುವಾದ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ಸಹಾಯಧನ 1,20,000 ರೂಪಾಯಿ, ಗುಡ್ಡಗಾಡು ರಾಜ್ಯಗಳಿಗೆ 1,30,000. ಅಷ್ಟರಲ್ಲಿ ಪಾಯ, ಗೋಡೆ ಏಳೋ ಹೊತ್ತಿಗೇ ಕೈ ಖಾಲಿ. ಛಾವಣಿ ಬರೋದು ಕೊನೆಗೆ. ಕೊನೆಗೆ ಬಂದದ್ದಕ್ಕೆ ಉಳಿದ ದುಡ್ಡು, ಹಾಗಾಗಿ ತಗಡು.

ಎಸ್ಟಿಮೇಟಿನಲ್ಲಿ ಸಿಮೆಂಟ್, ಮರಳು, ಕಬ್ಬಿಣ, ಕೂಲಿ ಎಲ್ಲಕ್ಕೂ ಕಾಲಂ ಇದೆ. ಬಿಸಿಲಿಗೆ ಇಲ್ಲ. ಆ ಖರ್ಚು ಆಮೇಲೆ ಬರ್ತದೆ: ಫ್ಯಾನು, ಕೂಲರು, ನಿದ್ದೆ ಇಲ್ಲದ ರಾತ್ರಿ, ಮರುದಿನ ಕೂಲಿಗೆ ಹೋಗಲಾರದ ಮೈ. ಕರೆಂಟ್ ಹೋದ ದಿನ ಅದೂ ಇಲ್ಲ. ಕಟ್ಟೋವಾಗ ಉಳಿಸಿದ್ದನ್ನ ಮನೆಯವರು ಬೇಸಿಗೆ ಬೇಸಿಗೆಗೂ ಕಂತು ಕಟ್ತಾರೆ. ಖರ್ಚನ್ನು ಪುಸ್ತಕದಿಂದ ಹೊರಗಿಟ್ಟು ಲಾಭ ತೋರಿಸಿದ್ರೆ ನಮ್ಮ ಕ್ಲಾಸಲ್ಲಿ ಅದಕ್ಕೆ ಏನಂತಾರೆ? ನೀವೇ ಹೇಳಿ.

ಭಾಗ 7/7

ಬೈದು ಮುಗಿಸೋಕೆ ಬಂದಿಲ್ಲ. ಆಗೋ ಕೆಲಸ ಇವು.

ಒಂದು, ಈಗಿರೋ ತಗಡಿನ ಮೇಲ್ಮೈಗೆ ಬಿಳಿ ಬಣ್ಣ, ಸ್ಲ್ಯಾಬಿಗೆ ಸುಣ್ಣ. ಬಿಳಿ ಬಿಸಿಲನ್ನ ವಾಪಸ್ ಕಳಿಸ್ತದೆ. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆ ಅಂತಲೇ ಒಂದು ನೀತಿ ತಂತು. ನಮ್ಮಲ್ಲಿ ಯಾಕೆ ಆಗಬಾರದು?

ಎರಡು, ತಗಡಿನ ಕೆಳಗೆ ಒಂದು ಗೇಣು ಬಿಟ್ಟು ಬಿದಿರಿನ ತಟ್ಟಿ. ನಡುವಿನ ಗಾಳಿ ಆಚೆ ಈಚೆ ಹೊರಗೆ ಹೋಗೋ ಹಾಗೆ ಎರಡೂ ತುದಿ ತೆರೆದಿಡಬೇಕು. ಆಗ ಕಾದ ತಗಡು ನೇರ ತಲೆ ನೋಡಲ್ಲ. ಒಲೆ ಮೇಲೆ ಮಾತ್ರ ಬೇಡ, ಬೆಂಕಿಯ ಭಯ.

ಮೂರು, ಹೊಸ ಮನೆಗೆ ಮಣ್ಣನ್ನೇ ಗಟ್ಟಿ ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಕಟ್ಟಿದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಸ್ಲ್ಯಾಬೇ ಬೇಕಂದ್ರೆ ಅದರ ಕೆಳಪದರದಲ್ಲಿ ಹಂಚು ತುಂಬೋ ಪದ್ಧತಿಯನ್ನು ಲಾರಿ ಬೇಕರ್ ಕೇರಳದಲ್ಲಿ ಮಾಡಿ ತೋರಿಸಿದ್ರು. ಕಾಂಕ್ರೀಟೂ ಕಡಿಮೆ, ಬಿಸಿಯೂ ಕಡಿಮೆ.

ನಾಲ್ಕು, ಗ್ರಾಮಸಭೆ. ಆವಾಸ್ ಯೋಜನೆಯ ಮಾರ್ಗಸೂಚಿಯಲ್ಲೇ ಸ್ಥಳೀಯ ವಿನ್ಯಾಸ, ಸ್ಥಳೀಯ ವಸ್ತು ಅನ್ನೋ ಮಾತಿದೆ. ಹಾಗಾದ್ರೆ ನಮ್ಮ ಪಂಚಾಯಿತಿಗೆ ಜೊಯಿಡಾದ ಮಳೆ, ಬಿಸಿಲು ಎರಡನ್ನೂ ತಡೆಯೋ ನಕ್ಷೆ ಎಲ್ಲಿ? ಎದ್ದು ನಿಂತು ಕೇಳಿ. ಎಸ್ಟಿಮೇಟಿನಲ್ಲಿ ಛಾವಣಿಯ ಕೆಳಗಿನ ತಟ್ಟಿಗೆ, ಬಿಳಿ ಬಣ್ಣಕ್ಕೆ ಒಂದು ಸಾಲು ಸೇರಿಸಿ ಅಂತ ಠರಾವು ಬರೆಸಿ.

2027ರ ಜನಗಣತಿಗೂ ಗೋಡೆ ಯಾವುದು, ಛಾವಣಿ ಯಾವುದು ಅಂತ ಕೇಳ್ತಾರೆ. ಒಳಗೆ ಎಷ್ಟು ಕಾಯ್ತದೆ ಅಂತ ಕೇಳಲ್ಲ. ಅವರು ಕೇಳದಿದ್ರೆ ನಾವು ಹೇಳೋಣ. ಒಂದು ಥರ್ಮಾಮೀಟರ್ ತಗೊಳ್ಳಿ. ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ, ತಗಡಿನ ಕೆಳಗೆ, ಹಂಚಿನ ಕೆಳಗೆ, ಸ್ಲ್ಯಾಬಿನ ಕೆಳಗೆ ಅಳೆದು ಊರಿನ ಹೆಸರು ಹಾಕಿ ಪೋಸ್ಟ್ ಮಾಡಿ. ಟ್ಯಾಗ್ ಮಾಡಿದ್ರೆ ಎಲ್ಲವನ್ನೂ ಒಂದು ಪಟ್ಟಿ ಮಾಡ್ತೀನಿ. ಆ ಪಟ್ಟಿ ಹಿಡಿದು ಗ್ರಾಮಸಭೆಗೆ ಹೋಗೋಣ.

#ಜೊಯಿಡಾ #ದಾಂಡೇಲಿ #ಹಳಿಯಾಳ #ಮುಂಡಗೋಡ #ತಗಡಿನಕೆಳಗೆ #ಬಿಸಿಲೆಕ್ಕ