ಗದ್ದೆಯವರು, ಹೊಲದವರು

ಸಿಂಧನೂರು ಸೀಮೆಯಲ್ಲಿ ಹೆಣ್ಣು ಕೊಡುವವರು ಹುಡುಗನ ಓದು, ನೌಕರಿ ವಿಚಾರಿಸುವ ಮೊದಲೇ ಕೇಳುವ ಮಾತೊಂದಿದೆ: 'ಗದ್ದಿ ಎಷ್ಟೈತಿ, ಹೊಲ ಎಷ್ಟೈತಿ?' ಗದ್ದೆಯೆಂದರೆ ಕಾಲುವೆ ನೀರು ಹರಿಯುವ, ನೆಲ್ಲು ಬೆಳೆಯುವ ನೆಲ. ಹೊಲವೆಂದರೆ ಮಳೆ ನಂಬಿಕೊಂಡ ಜೋಳ, ಸಜ್ಜೆ, ತೊಗರಿಯ ನೆಲ. ಐದೆಕರೆ ಗದ್ದೆಯವರ ಎದುರು ಇಪ್ಪತ್ತೆಕರೆ ಮಸಾರಿ ಹೊಲದವರ ದನಿ ತಾನಾಗಿಯೇ ತಗ್ಗುತ್ತದೆ. ಜಾತಿ ಒಂದೇ, ಬಳಗ ಒಂದೇ. ನಡುವೆ ಇರುವುದು ಒಂದು ಕಾಲುವೆ.

ಜಪಾನಿನ ಯುವಕರ ಬಾಯಲ್ಲಿ 2021ರ ಹೊತ್ತಿಗೆ 'ಓಯಾ ಗಾಚಾ' ಎಂಬ ಮಾತು ಚಾಲ್ತಿಗೆ ಬಂತು. 'ಓಯಾ' ಎಂದರೆ ತಂದೆತಾಯಿ. 'ಗಾಚಾ' ಎಂದರೆ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಆಟಿಕೆ ಉದುರಿಸುವ ಅಂಗಡಿ ಮುಂದಿನ ಯಂತ್ರ. ಯಾವ ಆಟಿಕೆ ಬೀಳುತ್ತದೆಂಬುದು ಕೈಯಲ್ಲಿಲ್ಲ, ಯಾರ ಹೊಟ್ಟೆಯಲ್ಲಿ ಹುಟ್ಟುತ್ತೇವೆಂಬುದೂ ಅಷ್ಟೇ. ಸಮೀಕ್ಷೆ ನಡೆಸಿದರೆ ಹತ್ತರಲ್ಲಿ ಒಂಬತ್ತು ಜನ 'ನಾವು ಮಧ್ಯಮ ವರ್ಗ' ಎನ್ನುತ್ತಿದ್ದ ದೇಶದಲ್ಲಿ ಮಕ್ಕಳು ಹೀಗೆ ಹಣೆಬರಹದ ಮಾತಾಡತೊಡಗಿದ್ದು ಅಲ್ಲಿನ ಹಿರಿಯರನ್ನು ಕಂಗೆಡಿಸಿತು. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಇಲ್ಲಿಯ ಯಂತ್ರದಲ್ಲಿ ಉದುರುವುದು ಕಾಲುವೆ.

ಜಪಾನಿನ ಹೆಸರೆತ್ತಿದ್ದಕ್ಕೆ ಬೇರೆ ಕಾರಣವಿದೆ. ಆ ದೇಶ ಒಂದು ಕಾಲಕ್ಕೆ ಅಷ್ಟು ಸಮನಾಗಿ ಕಂಡದ್ದಕ್ಕೆ ಟೊಯೊಟಾ, ಸೋನಿಯಷ್ಟೇ ಕಾರಣವಲ್ಲ. ಯುದ್ಧದಲ್ಲಿ ಸೋತ ಮೇಲೆ, ಅಮೆರಿಕದ ಸೇನಾಡಳಿತದ ಒತ್ತಡದಲ್ಲಿ, 1946ರಿಂದ 1950ರೊಳಗೆ ಅಲ್ಲಿ ಭೂಸುಧಾರಣೆ ಮುಗಿಯಿತು. ಸಾಗುವಳಿ ಭೂಮಿಯ ಅರ್ಧಕ್ಕೆ ಹತ್ತಿರದಷ್ಟು ಗೇಣಿದಾರರ ಕೈಯಲ್ಲಿತ್ತು. ಸುಧಾರಣೆಯ ನಂತರ ಗೇಣಿ ಸಾಗುವಳಿ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಊರಲ್ಲೇ ಇದ್ದ ಭೂಮಾಲೀಕ ಗೇಣಿ ಜಮೀನಿನಲ್ಲಿ ಹೆಚ್ಚುಕಡಿಮೆ ಒಂದು ಹೆಕ್ಟೇರ್ ಇಟ್ಟುಕೊಂಡು ಮಿಕ್ಕದ್ದನ್ನು ಸರ್ಕಾರಕ್ಕೆ ಮಾರಬೇಕಾಯಿತು. ಬೆಲೆಯೇರಿಕೆಯ ಹೊಡೆತಕ್ಕೆ ಅವನ ಪರಿಹಾರದ ಹಣ ಕವಡೆಗೆ ಸಮನಾಯಿತು. ಕಾರ್ಖಾನೆ, ರಫ್ತು, ಸಿರಿತನ ಎಲ್ಲವೂ ಆಮೇಲೆ ಬಂದವು. ಮೊದಲು ನೆಲ ಹಂಚಿಕೆಯಾಯಿತು, ಹಣ ಆಮೇಲೆ ಹರಿಯಿತು.

ನಮ್ಮಲ್ಲಿ ಮೊದಲು ನೀರು ಬಂತು, ನೆಲದ ಮಾತು ಆಮೇಲೆ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. 1953ರಿಂದ ಕಾಲುವೆಗೆ ನೀರು. ಆಗ ಇದು ಹೈದರಾಬಾದ್ ರಾಜ್ಯ. ಗೇಣಿದಾರರಿಗೆಂದು 1950ರ ಹೈದರಾಬಾದ್ ಕಾಯ್ದೆ ಇತ್ತಾದರೂ ಉಳುವವನೇ ಒಡೆಯ ಎಂಬ ಕಾನೂನಿಗೆ ಹಲ್ಲು ಬಂದದ್ದು 1974ರ ಮಾರ್ಚ್ 1ರಂದು. ನಡುವಿನ ಎರಡು ದಶಕದಲ್ಲಿ ಈ ಸೀಮೆಯ ವರ್ಗರಚನೆ ಗಟ್ಟಿಯಾಗಿಬಿಟ್ಟಿತು.

ಆ ಎರಡು ದಶಕದಲ್ಲಿ ಆದದ್ದು ಇಷ್ಟು. ಎರೆ ಹೊಲಕ್ಕೆ ನೀರು ಹರಿಸಬೇಕೆಂದರೆ ನೆಲ ಮಟ್ಟಸ ಮಾಡಬೇಕು, ಬದು ಹಾಕಬೇಕು, ಗೊಬ್ಬರ ಸುರಿಯಬೇಕು. ಕೈಯಲ್ಲಿ ದುಡ್ಡಿರಬೇಕು, ನೆಲ್ಲಿನ ಕಸುಬು ಗೊತ್ತಿರಬೇಕು. ಜೋಳದ ರೈತನಿಗೆ ಎರಡೂ ಇರಲಿಲ್ಲ. ಕೃಷ್ಣಾ, ಗೋದಾವರಿ ಮುಖಜ ಭೂಮಿಯ ರೈತರಿಗೆ ಎರಡೂ ಇದ್ದವು. ಅಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಅವರು ಬಂದರು, ಕಾಲುವೆ ದಂಡೆಗೆ ಕ್ಯಾಂಪುಗಳನ್ನು ಕಟ್ಟಿಕೊಂಡರು, ಹಾವು ಚೇಳಿನ ನಡುವೆ ದುಡಿದು ಸೀಮೆಯನ್ನು ಹಸಿರು ಮಾಡಿದರು. ಅವರ ದುಡಿಮೆಯನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಇಲ್ಲಿಯ ಗೌಡ, ಶಾನುಭೋಗರ ಮನೆಗಳೂ ನೀರಿನ ಬೆನ್ನಿಗೇ ಬೆಳೆದವು. ಆದರೆ ಸಾಲಕ್ಕೋ ಮಗಳ ಮದುವೆಗೋ ಹೊಲ ಕೊಟ್ಟವರ ಮೊಮ್ಮಕ್ಕಳು ಅದೇ ನೆಲದಲ್ಲಿ ಎಕರೆ ಲೆಕ್ಕದ ಗುತ್ತಿಗೆ ಹಿಡಿದು ನಾಟಿ ಹಚ್ಚುತ್ತಿದ್ದಾರೆ. ನೆಲವೇ ಇಲ್ಲದ ದಲಿತ ಕೇರಿಗೆ ಕಾಲುವೆ ಕೊಟ್ಟದ್ದು ಕೂಲಿಯ ದಿನಗಳನ್ನು ಮಾತ್ರ. ಕೊಯ್ಲಿನ ಯಂತ್ರ ಬಂದ ಮೇಲೆ ಅವೂ ಕಡಿಮೆಯಾದವು.

ಯೋಜನೆ ಮಾಡಿದವರ ಲೆಕ್ಕ ಬೇರೆಯೇ ಇತ್ತು. ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಬರ ತಪ್ಪಿಸುವುದಕ್ಕೆ: ಹೆಚ್ಚು ಹಳ್ಳಿಗೆ ಸ್ವಲ್ಪಸ್ವಲ್ಪ ನೀರು, ಜೋಳ, ಹತ್ತಿಯಂಥ ಬೆಳೆ, ನೆಲ್ಲಿಗೆ ಮಿತಿ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಕಾಗದದಲ್ಲಿ ಗೊತ್ತುಮಾಡಿದ್ದೂ ಆಗಿತ್ತು. ನೆಲ್ಲು ಆ ಕಾಗದವನ್ನು ನುಂಗಿತು. ಮೇಲ್ಭಾಗದವರ ಒಂದೆಕರೆ ನೆಲ್ಲು ಕೆಳಭಾಗದವರ ಹಲವು ಎಕರೆ ಜೋಳದ ನೀರು ಕುಡಿಯುತ್ತದೆ. ಡಚ್ ಸಂಶೋಧಕ ಪೀಟರ್ ಮೊಲಿಂಗಾ ಈ ಕಾಲುವೆಯನ್ನೇ ಹಿಡಿದು ಅಧ್ಯಯನ ಮಾಡಿ, ನೀರಿನ ಹಂಚಿಕೆ ಎಂಜಿನಿಯರಿಂಗ್‌ಗಿಂತ ಹೆಚ್ಚಾಗಿ ರಾಜಕಾರಣ ಎಂದು ತೋರಿಸಿದ್ದು ಸುಮ್ಮನೆ ಅಲ್ಲ. 'ಕೊನೇ ಭಾಗದ ರೈತರು' ಎಂಬುದು ಇಲ್ಲಿ ಭೂಗೋಳದ ಮಾತಾಗಿ ಉಳಿದಿಲ್ಲ, ಒಂದು ವರ್ಗದ ಹೆಸರೇ ಆಗಿದೆ.

ಡಾ. ಡಿ.ಎಂ.ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸಿಂಧನೂರೂ ಇತ್ತು, ಲಿಂಗಸುಗೂರೂ ಇತ್ತು. ಲಿಂಗಸುಗೂರಿನ ಹೆಸರು ಯಾರಿಗೂ ಅಚ್ಚರಿ ತರಲಿಲ್ಲ. ಸಿಂಧನೂರು? ಸಾಲುಸಾಲು ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಮಾರಾಟದಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂದು ಬೀಗುವ ಊರು, ಬೆಂಗಳೂರಿನ ತಟ್ಟೆಗೆ ಸೋನಾ ಮಸೂರಿ ಕಳಿಸುವ ಊರು! ಸಮಿತಿ ಶಾಲೆ, ಆಸ್ಪತ್ರೆಗಳನ್ನೂ ಲೆಕ್ಕಕ್ಕೆ ಹಿಡಿದಿತ್ತು ಎಂಬುದೇ ಉತ್ತರ. ರಾಜ್ಯದ 2005ರ ಮಾನವ ಅಭಿವೃದ್ಧಿ ವರದಿಯಲ್ಲಿ ಆಗಿನ 27 ಜಿಲ್ಲೆಗಳ ಪೈಕಿ ರಾಯಚೂರಿಗೆ ಕಡೆಯ ಸ್ಥಾನ. 2011ರ ಜನಗಣತಿಯಲ್ಲೂ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧದಷ್ಟೂ ಇರಲಿಲ್ಲ. ಗದ್ದೆಯ ಹಣ ಗಿರಣಿಗೆ, ನಿವೇಶನಕ್ಕೆ, ಮಕ್ಕಳನ್ನು ದೂರದ ಕಾಲೇಜಿಗೆ ಕಳಿಸುವುದಕ್ಕೆ ಹೋಯಿತು. ಊರಿನ ಸರ್ಕಾರಿ ಶಾಲೆ ಗದ್ದೆಯವರಿಗೆ ಬೇಡವಾಯಿತು, ಹಾಗಾಗಿ ಕೇಳುವವರೂ ಇಲ್ಲವಾದರು.

ಲಿಂಗಸುಗೂರು ತಾಲ್ಲೂಕಿನಲ್ಲಿ ಮೇಲೇರಲು ಇನ್ನೊಂದು ಏಣಿಯಿತ್ತು, ಅದು ನೆಲದೊಳಕ್ಕೆ ಇಳಿಯುವ ಏಣಿ. ಹಟ್ಟಿ ಚಿನ್ನದ ಗಣಿ ಕಂಪನಿ ಶುರುವಾದದ್ದು 1947ರಲ್ಲಿ. ಇಂದು ಅದು ರಾಜ್ಯ ಸರ್ಕಾರದ ಸಂಸ್ಥೆ. ಕೆಜಿಎಫ್ 2001ರಲ್ಲಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿಗಾರಿಕೆಗೆ ಆಸರೆಯಾದದ್ದು ಇದೇ. ಅಪ್ಪ ಸುರಂಗಕ್ಕೆ ಇಳಿದರೆ ಮಗ ಡಿಪ್ಲೊಮಾ ಓದುತ್ತಾನೆ, ಮಗಳು ನರ್ಸ್ ಆಗುತ್ತಾಳೆ: ಒಣ ಹೊಲದ ಮನೆಯೊಂದು ಒಂದೇ ತಲೆಮಾರಿನಲ್ಲಿ ಜಿಗಿಯಲು ಸಾಧ್ಯವಿದ್ದ ದಾರಿ ಅದು. ಆದರೆ ಕಾಯಂ ಕಾರ್ಮಿಕನಿಗೂ ಗುತ್ತಿಗೆ ಕಾರ್ಮಿಕನಿಗೂ ಜಿಗಿತ ಒಂದೇ ಅಲ್ಲ. ಜಪಾನ್ ಎಡವಿದ್ದೂ ಇಲ್ಲಿಯೇ. ಗುತ್ತಿಗೆ ಏಜೆನ್ಸಿಗಳ ಕಾರ್ಮಿಕರನ್ನು ಕಾರ್ಖಾನೆಗೆ ಬಿಟ್ಟುಕೊಳ್ಳಲು 2004ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಈಗ ಅಲ್ಲಿಯ ನೌಕರರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಕಾಯಂ ಅಲ್ಲದವರು. ಅವರಲ್ಲಿ ಮದುವೆಯಾಗುವ ಗಂಡಸರೂ ಕಡಿಮೆ. ಹೆಣ್ಣು ಕೊಡುವವರ ಪ್ರಶ್ನೆ ಟೋಕಿಯೊದಲ್ಲೂ ಬದಲಾಗಿಲ್ಲ, 'ಗದ್ದಿ'ಯ ಜಾಗದಲ್ಲಿ 'ಕಾಯಂ' ಬಂದಿದೆ ಅಷ್ಟೆ.

ಮಸ್ಕಿಗೆ ಬಂದರೆ, ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ 1915ರಲ್ಲಿ ಇಲ್ಲಿ ಕಂಡದ್ದು ಅಶೋಕನ ಶಾಸನವನ್ನು. ಚಕ್ರವರ್ತಿಯ ಹೆಸರು ಅದರಲ್ಲಿದೆ ಎಂಬುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಎತ್ತರದ ಗುರಿ ದೊಡ್ಡವರ ಸ್ವತ್ತಲ್ಲ, ಸಣ್ಣವರೂ ಮುಟ್ಟಬಹುದು ಎಂಬುದು ಅದರ ತಿರುಳು ಎಂದು ಹೇಳಿಕೊಡುವುದು ಅಪರೂಪ. ಆ ಶಾಸನದ ಸುತ್ತಲಿನ ಒಣ ಹಳ್ಳಿಗಳ ರೈತರು ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆ ಬೇಕೆಂದು 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕೂತರು. ಮರುವರ್ಷ ಏಪ್ರಿಲ್‌ನಲ್ಲಿ ಉಪಚುನಾವಣೆ ಬಂತು. ಭಾಷಣಗಳಲ್ಲಿ 5ಎ ಧಾರಾಳವಾಗಿ ಹರಿಯಿತು. ಕಾಲುವೆ ಇಲ್ಲದವರಿಗೆ ಉಳಿಯುವುದು ಗುಳೆ. ಸುಗ್ಗಿ ಮುಗಿದ ಮೇಲೆ ಬಾಗಿಲಿಗೆ ಬೀಗ, ಇಲ್ಲವೇ ಮುದುಕರ ಪಾಲಿಗೆ ಮನೆ, ಬೆಂಗಳೂರಿನಲ್ಲಿ ಕಟ್ಟಡ ಕೆಲಸ, ನೀಲಿ ತಾಡಪಾಲಿನ ಗುಡಿಸಲು. ಜೊತೆಗೆ ಹೋದ ಮಗುವಿನ ಹೆಸರು ಊರ ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ಸಂವಿಧಾನದ 371ಜೆ ವಿಧಿ ಬಾಗಿಲು ತೆರೆಯಲಿಲ್ಲವೇ ಎಂದು ಕೇಳಬಹುದು. ತೆರೆದಿದೆ. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ 'ಸಿ' ಗುಂಪಿಗೆ ಶೇ 80, 'ಡಿ' ಗುಂಪಿಗೆ ಶೇ 85 ಸ್ಥಳೀಯರಿಗೆ ಮೀಸಲು. ಎಷ್ಟೋ ಮನೆಗಳಲ್ಲಿ ಮೊದಲ ಸಂಬಳ ಬಂದದ್ದು ಈ ವಿಧಿಯಿಂದ. ಆದರೆ ಪರೀಕ್ಷೆಯವರೆಗೆ ಓದು ಉಳಿಸಿಕೊಂಡವರಿಗೆ ತೆರೆದ ಬಾಗಿಲು ಅದು. ಗುಳೆ ಹೋದ ಮಗು ಅಲ್ಲಿಯತನಕ ಬರುವುದೇ ಇಲ್ಲ. ಇನ್ನು ಜಾತಿ ಮೀಸಲಾತಿಯ ಬಾಗಿಲಿನ ಮುಂದೆ, ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿರುವ ಬಂಗಾಳಿ ನಿರಾಶ್ರಿತರದ್ದು ವಿಚಿತ್ರ ಪಾಡು. ಅವರಲ್ಲಿ ಬಹುಪಾಲು ನಾಮಶೂದ್ರರು, ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ.

ನನಗೆ ಎಲ್ಲಕ್ಕಿಂತ ತುರ್ತು ಎನಿಸುವುದು ಲೀಜಿನ ವಿಷಯ. ಗದ್ದೆಯ ಮಕ್ಕಳು ಬೆಂಗಳೂರು, ಹೈದರಾಬಾದ್, ಅಮೆರಿಕ ಸೇರಿದರು. ಗದ್ದೆಯನ್ನು ಈಗ ಮಾಡುತ್ತಿರುವವರಲ್ಲಿ ಲೀಜುದಾರರು ಬಹಳ. ರಾಜ್ಯದ ಭೂಸುಧಾರಣಾ ಕಾಯ್ದೆಯ ಪ್ರಕಾರ, ಸೈನಿಕರು, ನಾವಿಕರಂಥವರ ಜಮೀನು ಬಿಟ್ಟರೆ, ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದೇ ನಿಷಿದ್ಧ. ಹಾಗಾಗಿ ಲೀಜುದಾರ ಕಾನೂನಿನ ಕಣ್ಣಿಗೆ ಇಲ್ಲ. ಪಹಣಿಯಲ್ಲಿ ಹೆಸರಿಲ್ಲ, ಬ್ಯಾಂಕಿನ ಬೆಳೆಸಾಲವಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದ ರಾತ್ರಿ ಈ ಸೀಮೆಯಲ್ಲಿ ನಿದ್ದೆಗೆಟ್ಟವರಲ್ಲಿ, ಲೀಜಿನ ಹಣ ಮುಂಗಡ ಎಣಿಸಿಕೊಟ್ಟವರು ಮೊದಲಿಗರು. ಬೆಳೆ ಹೋದರೆ ನಷ್ಟ ಅವರದು, ಪರಿಹಾರ ಮಾಲೀಕನ ಖಾತೆಗೆ. ಅದೇ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿ ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿಕೊಟ್ಟ ಸರ್ಕಾರಕ್ಕೆ, ಜಮೀನು ಉಳುತ್ತಿರುವವರ ಹೆಸರು ಬರೆದುಕೊಳ್ಳುವ ಯೋಚನೆ ಮಾತ್ರ ಬರಲಿಲ್ಲ.

ಕಾಲುವೆ ದಂಡೆಯ ಕ್ಯಾಂಪಿನವರ ತವರು ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದಿತು: ಹನ್ನೊಂದು ತಿಂಗಳ ಒಪ್ಪಂದ, ಒಡೆತನಕ್ಕೆ ಧಕ್ಕೆಯಿಲ್ಲ, ಸಾಲ ಮತ್ತು ಪರಿಹಾರ ಬೆಳೆದವನಿಗೆ. ಅದಕ್ಕೆ ಮಾಲೀಕನ ಸಹಿ ಬೇಕು. ಅಲ್ಲಿಯೂ ಮಾಲೀಕರು ಸಹಿ ಹಾಕಲು ಹಿಂಜರಿಯುತ್ತಾರೆ. ನಮ್ಮಲ್ಲಿ 1974ರ ನೆನಪು ಇನ್ನೂ ಹಸಿ; ಕಾಗದದಲ್ಲಿ ಒಮ್ಮೆ ಹೆಸರು ಬಂದರೆ ನೆಲವೇ ಹೋದೀತು ಎಂಬ ಭಯ. ಆದ್ದರಿಂದ ಮಾಲೀಕನ ಸಹಿಯನ್ನು ಪಕ್ಕಕ್ಕಿಟ್ಟು, ಈಗಾಗಲೇ ಪ್ರತಿ ಹಂಗಾಮಿನಲ್ಲೂ ಹೊಲಗದ್ದೆ ತಿರುಗಿ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಮಾಡುವ ಸಿಬ್ಬಂದಿಯ ನಮೂನೆಗೆ ಇನ್ನೊಂದು ಕಾಲಂ ಸೇರಿಸಬೇಕು: ಬೆಳೆದವರು ಯಾರು?